ಮನೆ ವೈಫೈನಲ್ಲಿ ಜೆಲ್ಲಿಫಿನ್ ಚೆನ್ನಾಗಿ ಓಡುತ್ತದೆ, ಹೊರಗಿನಿಂದ ತೆರೆಯುವುದೇ ಇಲ್ಲ

ಟೇಪ್‌ಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಹಳೇ ಲ್ಯಾಪ್‌ಟಾಪ್ ಒಂದಕ್ಕೆ ಉಬುಂಟು ಹಾಕಿ, ಅದರಲ್ಲಿ ಜೆಲ್ಲಿಫಿನ್ (ನಮ್ಮದೇ ವಿಡಿಯೊಗಳನ್ನು ಬೇರೆ ಫೋನ್, ಟಿವಿಗಳಲ್ಲಿ ನೋಡಲು ಬಿಡುವ ಸರ್ವರ್ ತಂತ್ರಾಂಶ) ಇನ್‌ಸ್ಟಾಲ್ ಮಾಡಿದ್ದೇನೆ. ಅಪ್ಪ ಕ್ಯಾಮ್‌ಕಾರ್ಡರ್‌ನಲ್ಲಿ ತೆಗೆದ ಟೇಪ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಅದರಲ್ಲಿ ಇಟ್ಟಿದ್ದೇನೆ. ಈಚೆಗೆ ಫೋನಿನಲ್ಲಿ ತೆಗೆದ ವಿಡಿಯೊಗಳೂ ಇವೆ. ಅಕ್ಕ ದೂರದಲ್ಲಿದ್ದಾಳೆ, ಅವಳೂ ಇವನ್ನು ನೋಡಬೇಕು. ಅಪ್ಪನ ದನಿ ಉಳಿದಿರುವುದು ಈ ಟೇಪ್‌ಗಳಲ್ಲಿ ಮಾತ್ರ. ಹಾಗಾಗಿ ಇದು ಹೇಗಾದರೂ ಆಗಲೇಬೇಕು.

ಮನೆಯೊಳಗೆ ಯಾವ ತೊಂದರೆಯೂ ಇಲ್ಲ. ಬ್ರೌಸರ್‌ನಲ್ಲಿ 192.168.1.40:8096 ಅಂತ ಹೊಡೆದರೆ ತಕ್ಷಣ ಬರುತ್ತದೆ. ಫೋನ್, ಟಿವಿ ಎರಡರಲ್ಲೂ ಓಡುತ್ತದೆ. ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಮಾತ್ರ ಚಕ್ರ ತಿರುಗುತ್ತಲೇ ಇರುತ್ತದೆ, ಕೊನೆಗೆ 'ಕನೆಕ್ಷನ್ ಟೈಮ್ಡ್ ಔಟ್' ಅಂತ ಬರುತ್ತದೆ.

ಇಲ್ಲಿವರೆಗೆ ಮಾಡಿರುವುದು: ಲ್ಯಾಪ್‌ಟಾಪಿಗೆ ಯಾವಾಗಲೂ ಅದೇ ಐಪಿ ಸಿಗುವಂತೆ ರೌಟರ್‌ನಲ್ಲಿ ರಿಸರ್ವ್ ಮಾಡಿದ್ದೇನೆ. ಹೊರಗಿನಿಂದ 8096ನೇ ಪೋರ್ಟಿಗೆ ಬರುವ ಕರೆ ಲ್ಯಾಪ್‌ಟಾಪಿಗೆ ಹೋಗುವಂತೆ ರೌಟರ್‌ನ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ತಿರುಗಿಸಿದ್ದೇನೆ. ಉಬುಂಟು ಫೈರ್‌ವಾಲ್‌ನಲ್ಲೂ ಆ ಪೋರ್ಟ್ ತೆರೆದಿದೆ. 'ನನ್ನ ಐಪಿ ಏನು' ಅಂತ ತೋರಿಸುವ ವೆಬ್‌ಸೈಟಿನಲ್ಲಿ ಬಂದ ನಂಬರನ್ನೇ ಹೊರಗಿನಿಂದ ಹಾಕುತ್ತಿದ್ದೇನೆ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ ರೌಟರ್ ರೀಸ್ಟಾರ್ಟ್ ಮಾಡಿ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಇನ್ನೆಲ್ಲಿ ನೋಡಲಿ?

ಹಳೇರೌಟರ್:

ಸದ್ಯ ಯಾವ ಸೆಟಿಂಗನ್ನೂ ಮುಟ್ಟಬೇಡಿ. ಎರಡು ನಂಬರ್ ಪಕ್ಕಪಕ್ಕ ಇಟ್ಟು ನೋಡಿ. ಒಂದು, ಆ ವೆಬ್‌ಸೈಟ್ ತೋರಿಸುವ ಐಪಿ. ಇನ್ನೊಂದು, ನಿಮ್ಮ ರೌಟರ್‌ನ ಸ್ಟೇಟಸ್ ಪುಟದಲ್ಲಿ 'ವ್ಯಾನ್ ಐಪಿ' ಅಂತ ಇರುವುದು, ಅಂದರೆ ಕಂಪನಿ ನಿಮ್ಮ ರೌಟರ್‌ಗೆ ಕೊಟ್ಟ ವಿಳಾಸ. ಎರಡೂ ಒಂದೇ ಇದ್ದರೆ ತಪ್ಪು ನಿಮ್ಮ ಮನೆಯೊಳಗೇ ಇದೆ, ಹುಡುಕಬಹುದು. ಬೇರೆ ಬೇರೆ ಇದ್ದರೆ ನೀವು ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸರಿಯಾಗಿ ಮಾಡಿದರೂ ಪ್ರಯೋಜನ ಇಲ್ಲ.

ನೀವು ಬರೆದ 'ಟೈಮ್ಡ್ ಔಟ್' ಕೂಡ ಒಂದು ಸುಳಿವು. 'ರೆಫ್ಯೂಸ್ಡ್' ಅಂತ ಬಂದಿದ್ದರೆ ಕರೆ ಯಾವುದೋ ಒಂದು ಯಂತ್ರದವರೆಗೆ ತಲುಪಿದೆ, ಅಲ್ಲಿ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರು ಇಲ್ಲ ಅಂತ ಸಾಮಾನ್ಯವಾಗಿ ಅರ್ಥ. ಟೈಮ್ಡ್ ಔಟ್ ಅಂದರೆ ಉತ್ತರವೇ ಬರಲಿಲ್ಲ, ನಡುವೆ ಯಾರೋ ಸದ್ದಿಲ್ಲದೆ ಅದನ್ನು ಬಿಸಾಡಿದ್ದಾರೆ.

ಮೊಬೈಲ್ ಡೇಟಾದಿಂದ ಪರೀಕ್ಷೆ ಮಾಡಿದ್ದು ಒಳ್ಳೇದಾಯಿತು. ಮನೆ ವೈಫೈನಲ್ಲಿ ಕೂತು ಹೊರಗಿನ ಐಪಿ ಹೊಡೆದರೆ ಕೆಲವು ರೌಟರ್‌ಗಳು ಒಳಗಿನಿಂದ ಹೊರಟದ್ದನ್ನು ಮತ್ತೆ ಒಳಗೆ ತಿರುಗಿಸುವುದಿಲ್ಲ. ಎಲ್ಲ ಸರಿಯಿದ್ದರೂ ಕೆಟ್ಟಿದೆ ಅಂತ ಕಾಣುತ್ತದೆ.

ಟೇಪ್‌ಪೆಟ್ಟಿಗೆ:

ನೋಡಿದೆ. ರೌಟರ್‌ನಲ್ಲಿ ವ್ಯಾನ್ ಐಪಿ 100.83 ಅಂತ ಶುರುವಾಗುತ್ತದೆ. ವೆಬ್‌ಸೈಟ್ ತೋರಿಸುವುದು ಪೂರ್ತಿ ಬೇರೆ. ಹಾಗಾದರೆ ಇದು ನನ್ನ ಕೈಯಲ್ಲೇ ಇಲ್ಲ ಅಂತಲಾ?

ಹಳೇರೌಟರ್:

ಪೋರ್ಟ್ ಫಾರ್ವರ್ಡಿಂಗ್ ಮಟ್ಟಿಗೆ ಹೌದು. 100.64ರಿಂದ 100.127ರವರೆಗೆ ಶುರುವಾಗುವ ವಿಳಾಸ ವ್ಯಾನ್ ಜಾಗದಲ್ಲಿ ಕಂಡರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ನಿಮ್ಮ ರೌಟರ್ ನಿಮ್ಮ ಮನೆಯ ಫೋನ್, ಟಿವಿ ಎಲ್ಲವನ್ನೂ ಒಂದೇ ಐಪಿ ಹಿಂದೆ ಇಡುತ್ತದಲ್ಲ, ಹಾಗೇ ಕಂಪನಿ ತನ್ನ ಕಡೆಯ ದೊಡ್ಡ ಯಂತ್ರದಲ್ಲಿ ಎಷ್ಟೋ ಮನೆಗಳನ್ನು ಒಂದೇ ಪಬ್ಲಿಕ್ ಐಪಿ ಹಿಂದೆ ಇಟ್ಟಿದೆ. ಹೊರಗಿನಿಂದ 8096ಕ್ಕೆ ಬಂದ ಕರೆ ಆ ಯಂತ್ರದ ಹತ್ತಿರವೇ ನಿಲ್ಲುತ್ತದೆ. ಯಾವ ಮನೆಗೆ ಕಳಿಸಬೇಕು ಅಂತ ಅದಕ್ಕೆ ಗೊತ್ತಿಲ್ಲ. ನಿಮ್ಮ ರೌಟರ್‌ವರೆಗೆ ಏನೂ ಬರುವುದೇ ಇಲ್ಲ.

ಕಂಪನಿಗಳು ಬೇಕಂತ ಹೀಗೆ ಮಾಡುವುದಲ್ಲ. ಹಳೇ ಮಾದರಿಯ ಐಪಿ ವಿಳಾಸ, ಅಂದರೆ ಐಪಿವಿ4ರಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲೇ ಹಂಚಿಹೋದವು. ಮುಂದಿನ ವರ್ಷ ಆರ್‌ಎಫ್‌ಸಿ 6598 ಅನ್ನುವ ದಾಖಲೆಯಲ್ಲಿ ಈ 100.64ರ ಸಾಲನ್ನು, ಸುಮಾರು 42 ಲಕ್ಷ ವಿಳಾಸಗಳನ್ನು, ಇದೇ ಕೆಲಸಕ್ಕೆ ಎತ್ತಿಟ್ಟರು. ನನಗೆ ಬೇಜಾರಾಗುವುದು ಇದನ್ನು ಗ್ರಾಹಕರಿಗೆ ಮೊದಲೇ ಹೇಳದೆ ಇರುವುದರ ಬಗ್ಗೆ. ಜನ ರೌಟರ್ ಪುಟದ ಮುಂದೆ ರಾತ್ರಿಗಟ್ಟಲೆ ಕೂರುತ್ತಾರೆ.

ಇದನ್ನು ಓದುವ ಬೇರೆಯವರಿಗೆ: ವ್ಯಾನ್ ಐಪಿ 192.168 ಅಂತ ಇದ್ದರೆ ವಿಷಯ ಬೇರೆ. ಹೆಚ್ಚಾಗಿ ಮನೆಯಲ್ಲೇ ಎರಡು ರೌಟರ್ ಒಂದರ ಹಿಂದೆ ಒಂದು ಇರುತ್ತವೆ, ಕಂಪನಿ ಕೊಟ್ಟ ಪೆಟ್ಟಿಗೆ ಒಂದು, ನೀವು ಕೊಂಡದ್ದು ಇನ್ನೊಂದು. ಕಂಪನಿಯದನ್ನು ಬ್ರಿಡ್ಜ್ ಮೋಡ್‌ಗೆ (ಅದು ರೌಟರ್ ಕೆಲಸ ಬಿಟ್ಟು ಬರೀ ದಾಟಿಸುವ ಸ್ಥಿತಿ) ಹಾಕಿದರೆ ಸರಿಹೋಗುತ್ತದೆ. 10ರಿಂದ ಶುರುವಾದರೆ ಎರಡರಲ್ಲಿ ಯಾವುದೂ ಆಗಿರಬಹುದು.

ಇನ್ನು ದಾರಿ. ಕಂಪನಿಯನ್ನು ಪಬ್ಲಿಕ್ ಐಪಿ ಕೇಳಬಹುದು. ಕೆಲವರು ಹೆಚ್ಚು ದುಡ್ಡು ತೆಗೆದುಕೊಂಡು ಕೊಡುತ್ತಾರೆ. ಕೇಳುವಾಗ 'ಸ್ಟ್ಯಾಟಿಕ್' ಅಂತ ಪಟ್ಟು ಹಿಡಿಯಬೇಡಿ. ಬದಲಾಗುವ ಐಪಿ ಆದರೂ ಪರವಾಗಿಲ್ಲ, ಬದಲಾದ ಐಪಿಯನ್ನು ಒಂದೇ ಹೆಸರಿಗೆ ಜೋಡಿಸುತ್ತಿರುವ ಡೈನಾಮಿಕ್ ಡಿಎನ್‌ಎಸ್ ಅದನ್ನು ನೋಡಿಕೊಳ್ಳುತ್ತದೆ. ಆದರೆ ನೋಡುವವರು ಅಕ್ಕ ಒಬ್ಬರೇ ಅಂದ ಮೇಲೆ ನಾನು ಹೇಳುವುದು ಟೇಲ್‌ಸ್ಕೇಲ್, ದೂರದ ಯಂತ್ರಗಳನ್ನು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಆಪ್. ಲ್ಯಾಪ್‌ಟಾಪಿನಲ್ಲಿ ಹಾಕಿ, ಅಕ್ಕನ ಫೋನ್‌ನಲ್ಲೂ ಹಾಕಿ. ಎರಡೂ ಕಡೆಯವರು ಒಳಗಿನಿಂದ ಹೊರಗೆ ಕರೆ ಮಾಡಿ ನಡುವೆ ಭೇಟಿಯಾಗುತ್ತಾರೆ. ಹೊರಹೋಗುವ ಕರೆಯನ್ನು ಸಿಜಿನ್ಯಾಟ್ ತಡೆಯುವುದಿಲ್ಲ, ಹಾಗಾಗಿ ಒಂದು ಪೋರ್ಟನ್ನೂ ತೆರೆಯಬೇಕಿಲ್ಲ. ಒಳಗೆ ಓಡುವುದು ವೈರ್‌ಗಾರ್ಡ್ ಅನ್ನುವ ವಿಪಿಎನ್ ವಿಧಾನ, ಸಾಗುವುದೆಲ್ಲ ಗೂಢಲಿಪಿಯಲ್ಲಿ.

ಲ್ಯಾಪ್‌ಟಾಪಿಗೆ ಅದು ಕೊಡುವ ಐಪಿ ಕೂಡ 100ರಿಂದಲೇ ಶುರುವಾಗುತ್ತದೆ. ಗಾಬರಿ ಬೇಡ, ಅವರೂ ಅದೇ ಸಾಲನ್ನು ಬಳಸುತ್ತಾರೆ. ನಿಮ್ಮ ವ್ಯಾನ್ ಐಪಿಗೂ ಅದಕ್ಕೂ ಸಂಬಂಧ ಇಲ್ಲ. ಅಕ್ಕನ ಕರೆಯೂ ಆ 100ರ ಸಾಲಿನಿಂದಲೇ ಬರುವುದರಿಂದ ಜೆಲ್ಲಿಫಿನ್‌ಗೆ ಅವರು 'ಹೊರಗಿನವರು' ಅಂತ ಕಾಣುತ್ತಾರೆ. ಡ್ಯಾಶ್‌ಬೋರ್ಡಿನ ನೆಟ್‌ವರ್ಕಿಂಗ್ ಪುಟದಲ್ಲಿ ಹೊರಗಿನ ಸಂಪರ್ಕಕ್ಕೆ ಅನುಮತಿ ಕೊಡುವ ಟಿಕ್ ಇದೆಯಾ ನೋಡಿ. ಅದು ತೆಗೆದಿದ್ದರೆ ಟೇಲ್‌ಸ್ಕೇಲ್ ಸರಿಯಾಗಿದ್ದೂ ಪುಟ ತೆರೆಯುವುದಿಲ್ಲ.

ಆರನೇಆವೃತ್ತಿ:

ಐಪಿವಿ6, ಅಂದರೆ ಹೊಸ ಮಾದರಿಯ ಐಪಿ ವಿಳಾಸದ ಬಗ್ಗೆ ಯಾರೂ ಹೇಳಲಿಲ್ಲ. ಸಿಜಿನ್ಯಾಟ್ ಹಾಕುವ ಕಂಪನಿಗಳು ಎಷ್ಟೋ ಸಲ ಐಪಿವಿ6 ಕೊಟ್ಟಿರುತ್ತವೆ. ಅಲ್ಲಿ ಲ್ಯಾಪ್‌ಟಾಪಿಗೇ ಸ್ವಂತ ಪಬ್ಲಿಕ್ ವಿಳಾಸ ಇರುತ್ತದೆ, ಫಾರ್ವರ್ಡಿಂಗ್ ಅನ್ನುವುದೇ ಬೇಡ. ಜೆಲ್ಲಿಫಿನ್‌ನಲ್ಲಿ ಐಪಿವಿ6 ಆನ್ ಮಾಡಿ, ರೌಟರ್ ಫೈರ್‌ವಾಲ್‌ನಲ್ಲಿ ಆ ಒಂದು ವಿಳಾಸಕ್ಕೆ ಮಾತ್ರ ಅನುಮತಿ ಕೊಡಿ. ಅಕ್ಕನ ಕಡೆಯ ನೆಟ್‌ವರ್ಕ್‌ನಲ್ಲೂ ಐಪಿವಿ6 ಇರಬೇಕು, ಇಲ್ಲದಿದ್ದರೆ ಆಗುವುದಿಲ್ಲ.

ಬೀಗದಕೈ:

ಐಪಿವಿ6 ಆಗಲಿ, ಪಬ್ಲಿಕ್ ಐಪಿ ಆಗಲಿ, 8096 ಅನ್ನು ಹಾಗೇ ಹೊರಗೆ ತೆರೆಯಬೇಡಿ ದಯವಿಟ್ಟು. ಅದು ಬರೀ ಎಚ್‌ಟಿಟಿಪಿ. ಅಕ್ಕ ಹೊಡೆಯುವ ಪಾಸ್‌ವರ್ಡ್ ದಾರಿಯುದ್ದಕ್ಕೂ ಓದುವಂತೆ ಹೋಗುತ್ತದೆ. ಹಾಗೆ ತೆರೆಯಲೇಬೇಕು ಅಂದರೆ ಮುಂದೆ ಕ್ಯಾಡಿ ಥರದ ರಿವರ್ಸ್ ಪ್ರಾಕ್ಸಿ (ಹೊರಗಿನ ಕರೆಯನ್ನು ಗೂಢಲಿಪಿಯಲ್ಲಿ ತೆಗೆದುಕೊಂಡು ಒಳಗೆ ಜೆಲ್ಲಿಫಿನ್‌ಗೆ ದಾಟಿಸುವ ತಂತ್ರಾಂಶ) ಕೂರಿಸಿ, ಹೊರಗೆ ಎಚ್‌ಟಿಟಿಪಿಎಸ್‌ನ 443ನೇ ಪೋರ್ಟ್ ಮಾತ್ರ ಕಾಣಲಿ. ಸರ್ಟಿಫಿಕೇಟ್ ಅದೇ ತಂದುಕೊಳ್ಳುತ್ತದೆ. ಟೇಲ್‌ಸ್ಕೇಲ್ ಆದರೆ ಈ ತಲೆನೋವಿಲ್ಲ. ಈಗ ರೌಟರ್‌ನಲ್ಲಿ ಮಾಡಿಟ್ಟಿರುವ ಫಾರ್ವರ್ಡಿಂಗ್ ತೆಗೆದುಬಿಡಿ. ನಾಳೆ ಕಂಪನಿ ಪಬ್ಲಿಕ್ ಐಪಿ ಕೊಟ್ಟರೆ ಅದು ತಾನಾಗಿ ತೆರೆದುಕೊಳ್ಳುತ್ತದೆ.

ಅಕ್ಕನನ್ನು ನಿಮ್ಮ ಟೇಲ್‌ಸ್ಕೇಲ್ ಖಾತೆಗೇ ಸೇರಿಸುವುದೂ ಬೇಡ. ಅವರು ಬೇರೆ ಖಾತೆ ತೆರೆಯಲಿ, ಆ ಒಂದು ಲ್ಯಾಪ್‌ಟಾಪನ್ನು ಮಾತ್ರ 'ಶೇರ್' ಮಾಡಿ. ನಿಮ್ಮ ಉಳಿದ ಯಂತ್ರಗಳು ಅವರಿಗೆ ಕಾಣುವುದಿಲ್ಲ.

ಟೇಪ್‌ಪೆಟ್ಟಿಗೆ:

ಆಯ್ತು! ಟೇಲ್‌ಸ್ಕೇಲ್ ಹಾಕಿ, ಬೀಗದಕೈ ಹೇಳಿದಂತೆ ಶೇರ್ ಮಾಡಿದೆ. ಅಕ್ಕ ಅವಳ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಅಪ್ಪನ ಟೇಪ್ ನೋಡಿದಳು. ಒಂದು ಕಡೆಯೂ ನಿಲ್ಲಲಿಲ್ಲ. ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಇನ್ನೊಂದು ತೊಡಕು ಉಳಿದಿದೆ. ಟೇಪ್‌ಗಳು ಸರಾಗ ಓಡುತ್ತವೆ. ಫೋನಿನಲ್ಲಿ ತೆಗೆದ 4ಕೆ ವಿಡಿಯೊ ಹಾಕಿದರೆ ಮಾತ್ರ ನಿಂತು ನಿಂತು ಬರುತ್ತದೆ, ಆಗೆಲ್ಲ ಇಲ್ಲಿ ನನ್ನ ಲ್ಯಾಪ್‌ಟಾಪಿನ ಫ್ಯಾನ್ ಜೋರಾಗಿ ಕೂಗುತ್ತದೆ. ಒಂದು ನಿಮಿಷದ ಫೈಲ್ ಸುಮಾರು 350 ಎಂಬಿ. ನನ್ನ ಅಪ್‌ಲೋಡ್ 20 ಎಂಬಿಪಿಎಸ್. ಲ್ಯಾಪ್‌ಟಾಪ್ ಇಂಟೆಲ್ 4ನೇ ತಲೆಮಾರಿನ ಐ5.

ಹಳೇರೌಟರ್:

ಫ್ಯಾನ್ ಕೂಗುತ್ತಿದೆ ಅಂದಿರಿ, ಅದರಲ್ಲೇ ಅರ್ಧ ಉತ್ತರ ಇದೆ. ಲೆಕ್ಕ ಹಾಕಿ: 350 ಎಂಬಿಯನ್ನು 8ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸುಮಾರು 47 ಎಂಬಿಪಿಎಸ್. ನಿಮ್ಮ ಅಪ್‌ಲೋಡ್ 20. ಫೈಲ್ ಇದ್ದ ಹಾಗೇ ಹೋಗಲು ಜಾಗವೇ ಇಲ್ಲ. ಮನೆಯೊಳಗೆ ಈ ಮಿತಿ ಇಲ್ಲ, ಹಾಗಾಗಿ ಅಲ್ಲಿ ಗೊತ್ತಾಗಲಿಲ್ಲ. ಟೇಪ್‌ನ ವಿಡಿಯೊ ಸಣ್ಣದು, ಅಲ್ವಾ? ಅದು ಇದ್ದಂತೆಯೇ ಹೋಗುತ್ತದೆ.

ಜೊತೆಗೆ ಫೋನಿನ 4ಕೆ ಹೆಚ್ಚಾಗಿ ಎಚ್‌ಇವಿಸಿ, ಅಂದರೆ ವಿಡಿಯೊವನ್ನು ಹೆಚ್ಚು ಒತ್ತಿ ಚಿಕ್ಕದಾಗಿಸುವ ರೂಪ. ಕೆಲವು ಬ್ರೌಸರ್‌ಗಳು ಅದನ್ನು ನೇರವಾಗಿ ಓಡಿಸುವುದಿಲ್ಲ. ಆಗ ಜೆಲ್ಲಿಫಿನ್ ಆ ಕ್ಷಣದಲ್ಲೇ ಅದನ್ನು ಬೇರೆ ರೂಪಕ್ಕೆ ಬದಲಿಸಿ (ಇದೇ ಟ್ರಾನ್ಸ್‌ಕೋಡ್) ಕಳಿಸಬೇಕು. ಅಕ್ಕ ನೋಡುತ್ತಿರುವಾಗ ಡ್ಯಾಶ್‌ಬೋರ್ಡ್ ತೆರೆಯಿರಿ, ಟ್ರಾನ್ಸ್‌ಕೋಡ್ ಆಗುತ್ತಿದೆ ಅಂತಲೂ, ಯಾಕೆ ಅಂತಲೂ ಅಲ್ಲೇ ಕಾಣುತ್ತದೆ. ಇಂಟೆಲ್ ಗ್ರಾಫಿಕ್ಸ್‌ನಲ್ಲಿ 8-ಬಿಟ್ ಎಚ್‌ಇವಿಸಿ ಬಿಡಿಸುವ ಭಾಗ ಪೂರ್ತಿಯಾಗಿ ಬಂದದ್ದು 6ನೇ ತಲೆಮಾರಿನಲ್ಲಿ, 10-ಬಿಟ್ ಬಂದದ್ದು 7ನೆಯದರಲ್ಲಿ. ನಿಮ್ಮ 4ನೆಯದರಲ್ಲಿ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಸೆಟಿಂಗ್ ತಿರುಗಿಸಿ ಇದನ್ನು ಗೆಲ್ಲಲು ಆಗುವುದಿಲ್ಲ.

ಹಾಗಾಗಿ ಮೊದಲೇ ಬದಲಿಸಿಡಿ. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಬದಲಿಸುವ ತಂತ್ರಾಂಶದಲ್ಲಿ ಆ ವಿಡಿಯೊಗಳನ್ನೆಲ್ಲ ಸಾಲಾಗಿ ಹಾಕಿ, 1080ಪಿ, ಎಚ್.264, ಸುಮಾರು 8 ಎಂಬಿಪಿಎಸ್ ಅಂತ ಕೊಟ್ಟು ರಾತ್ರಿ ಓಡಲು ಬಿಡಿ. ಬಂದ ಪ್ರತಿಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು ಅಕ್ಕನಿಗೆ ಅದನ್ನೇ ತೋರಿಸಿ. ಮೂಲ ಫೈಲುಗಳನ್ನು ಮಾತ್ರ ಅಳಿಸಬೇಡಿ.

ಇನ್ನೊಂದು ಪರೀಕ್ಷೆ. ಲ್ಯಾಪ್‌ಟಾಪಿನಿಂದ ಅಕ್ಕನ ಯಂತ್ರಕ್ಕೆ ಟೇಲ್‌ಸ್ಕೇಲ್‌ನದೇ ಪಿಂಗ್ ಕೊಡಿ. ಉತ್ತರದಲ್ಲಿ 'ಡರ್ಪ್' ಅಂತ ಬರುತ್ತಲೇ ಇದ್ದರೆ ನೇರ ಸಂಪರ್ಕ ಆಗಿಲ್ಲ, ಅವರ ರಿಲೇ ಸರ್ವರ್ ಮೂಲಕ ಸುತ್ತಿ ಹೋಗುತ್ತಿದೆ, ವೇಗ ಕಡಿಮೆ ಇರುತ್ತದೆ. ಐಪಿ ಮತ್ತು ಪೋರ್ಟ್ ಬಂದರೆ ನೇರ.

ಟೇಪ್‌ಪೆಟ್ಟಿಗೆ:

ಪಿಂಗ್ ನೇರವಾಗಿಯೇ ಬಂತು. ಹ್ಯಾಂಡ್‌ಬ್ರೇಕ್ ಇವತ್ತು ರಾತ್ರಿ ಓಡಿಸುತ್ತೇನೆ. ಕೊನೆಯದಾಗಿ ಒಂದು: ಅಕ್ಕ ಅವಳ ಫೋನಿನಿಂದ ಟಿವಿಗೆ ಕ್ರೋಮ್‌ಕಾಸ್ಟ್ ಮಾಡಿದರೆ ಏನೂ ಬರುವುದಿಲ್ಲ. ಫೋನಿನಲ್ಲಿ ಅದೇ ವಿಡಿಯೊ ಓಡುತ್ತದೆ.

ಹಳೇರೌಟರ್:

ಕಾಸ್ಟ್ ಮಾಡಿದಾಗ ವಿಡಿಯೊ ಫೋನಿನ ಮೂಲಕ ಹೋಗುವುದಿಲ್ಲ. ಫೋನ್ ಬರೀ ವಿಳಾಸ ಕೊಟ್ಟು ಸರಿಯುತ್ತದೆ, ಕ್ರೋಮ್‌ಕಾಸ್ಟ್ ತಾನೇ ನಿಮ್ಮ ಸರ್ವರ್‌ಗೆ ಹೋಗಿ ಎಳೆದುಕೊಳ್ಳಬೇಕು. ಟೇಲ್‌ಸ್ಕೇಲ್ ಇರುವುದು ಫೋನಿನಲ್ಲಿ, ಕ್ರೋಮ್‌ಕಾಸ್ಟ್‌ಗೆ ಆ 100ರ ವಿಳಾಸ ಎಲ್ಲಿದೆ ಅಂತಲೇ ಗೊತ್ತಿಲ್ಲ. ಟಿವಿ ಅಥವಾ ಅದಕ್ಕೆ ಚುಚ್ಚಿದ ಸ್ಟಿಕ್ ಆಂಡ್ರಾಯ್ಡ್ ಟಿವಿ ಆಗಿದ್ದರೆ ಟೇಲ್‌ಸ್ಕೇಲ್ ಮತ್ತು ಜೆಲ್ಲಿಫಿನ್ ಎರಡನ್ನೂ ಅದರಲ್ಲೇ ಹಾಕಿಕೊಳ್ಳಲಿ, ಕಾಸ್ಟ್ ಮಾಡುವ ಮಾತೇ ಬೇಡ. ಇಲ್ಲವಾದರೆ ಸದ್ಯಕ್ಕೆ ಅವರ ಲ್ಯಾಪ್‌ಟಾಪಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕುವುದೇ ಸುಲಭ.

ಮರೆಯುವ ಮುಂಚೆ: ಟೇಲ್‌ಸ್ಕೇಲ್‌ನ ಅಡ್ಮಿನ್ ಪುಟಕ್ಕೆ ಹೋಗಿ ನಿಮ್ಮ ಸರ್ವರ್ ಎದುರು 'ಕೀ ಎಕ್ಸ್‌ಪೈರಿ' ಆಫ್ ಮಾಡಿ. ಹಾಗೇ ಬಿಟ್ಟರೆ 180 ದಿನಕ್ಕೆ ಮತ್ತೆ ಲಾಗಿನ್ ಕೇಳುತ್ತದೆ, ನೀವು ಲಾಗಿನ್ ಆಗುವವರೆಗೆ ಅಕ್ಕನಿಗೆ ಏನೂ ತೆರೆಯುವುದಿಲ್ಲ. ಮುಚ್ಚಳ ಹಾಕಿದರೆ ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆಯೂ ಉಬುಂಟುವಿನಲ್ಲಿ ಹೇಳಿಡಿ.