ಸಾರ್ವಜನಿಕ ನೀತಿಯನ್ನು ಉಚಿತವಾಗಿ ಕಲಿಯಲು ಎಲ್ಲಿಂದ ಆರಂಭಿಸಬೇಕು? – ಅನುಭವ ಹಂಚಿಕೆ

ಪ್ರಶ್ನೆ – ಅರಿವು ಕೇಂದ್ರದ ಮೇಲ್ವಿಚಾರಕಿ, ಕೊಪ್ಪಳ ಜಿಲ್ಲೆ

ನಾನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನು, ಅಂದರೆ ಊರಿನ ಗ್ರಂಥಾಲಯವನ್ನು ನೋಡಿಕೊಳ್ಳುತ್ತೇನೆ. ಬಿ.ಎ.ವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಸಂಜೆ ಬರುವ ಹತ್ತು ಹನ್ನೆರಡು ಯುವಕ ಯುವತಿಯರು ಯೋಜನೆಗಳ ಹೆಸರು, ಆರಂಭವಾದ ವರ್ಷ, ಫಲಾನುಭವಿಗಳ ಸಂಖ್ಯೆ ಎಲ್ಲವನ್ನೂ ಬಾಯಿಪಾಠ ಮಾಡುತ್ತಾರೆ. ಆದರೆ ಒಂದು ಊರಿನಲ್ಲಿ ಚೆನ್ನಾಗಿ ನಡೆದ ಯೋಜನೆ ಪಕ್ಕದ ಊರಿನಲ್ಲಿ ಏಕೆ ನಿಂತುಹೋಯಿತು ಎಂದು ಕೇಳಿದರೆ ಅವರಲ್ಲೂ ಉತ್ತರವಿಲ್ಲ, ನನ್ನಲ್ಲೂ ಇಲ್ಲ. ಸರ್ಕಾರ ಏನನ್ನು, ಏಕೆ, ಹೇಗೆ ಮಾಡುತ್ತದೆ ಎಂದು ಪರಿಶೀಲಿಸುವ ವಿಷಯಕ್ಕೆ ಸಾರ್ವಜನಿಕ ನೀತಿ ಎನ್ನುತ್ತಾರಂತೆ; ಅದರ ಬಗ್ಗೆ ದೊಡ್ಡ ವಿಶ್ವವಿದ್ಯಾಲಯಗಳ ಪಾಠಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ ಎಂದು ಕೇಳಿದ್ದೇನೆ. ಅವು ನಿಜವಾಗಿಯೂ ಉಚಿತವೇ, ನಮ್ಮಂಥವರು ಆ ಇಂಗ್ಲಿಷನ್ನು ಹಿಂಬಾಲಿಸಬಹುದೇ, ಪ್ರಮಾಣಪತ್ರದಿಂದ ಏನಾದರೂ ಉಪಯೋಗವಿದೆಯೇ? ಕಲಿತವರು ದಯವಿಟ್ಟು ತಿಳಿಸಿ.

ರಾಜ್ಯಶಾಸ್ತ್ರ ಉಪನ್ಯಾಸಕ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹಾಸನ ಜಿಲ್ಲೆ

ಮೇಡಂ, ಗುಂಪಿನಲ್ಲಿ ಕುಳಿತು ನೋಡುವುದಾದರೆ ಹಾರ್ವರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಸ್ಯಾಂಡೆಲ್ ಅವರ ‘ಜಸ್ಟಿಸ್’ ಉಪನ್ಯಾಸಮಾಲೆಯಿಂದ ಆರಂಭಿಸಿ. 2009ರಿಂದ ಅದು ಅಂತರ್ಜಾಲದಲ್ಲಿ ಮುಕ್ತವಾಗಿದೆ. ಒಟ್ಟು 12 ಕಂತುಗಳು, ಒಂದೊಂದು ಕಂತಿನಲ್ಲಿ ಎರಡೆರಡು ಉಪನ್ಯಾಸಗಳು. ಕಟ್ಟುನಿಟ್ಟಾಗಿ ಹೇಳಿದರೆ ಅದು ರಾಜಕೀಯ ತತ್ತ್ವಶಾಸ್ತ್ರದ ಪಾಠವೇ ಹೊರತು ಸಾರ್ವಜನಿಕ ನೀತಿಯ ಪಾಠವಲ್ಲ. ಆದರೂ ಯಾರಿಗೆ ಏನು ಸಲ್ಲಬೇಕು ಎಂಬ ಜಗಳ ಒಮ್ಮೆಯಾದರೂ ಮನಸ್ಸಿನೊಳಗೆ ನಡೆಯದವರಿಗೆ ಯೋಜನೆಗಳ ಪರಿಭಾಷೆ ಕಲಿಸಿ ಪ್ರಯೋಜನವಿಲ್ಲ ಎಂಬುದು ನನ್ನ ಹಟ.

ನಾನು ತರಗತಿಯಲ್ಲಿ ತೋರಿಸುವುದು ಹೀಗೆ. ಮೊದಲ ಕಂತಿನ ಎರಡನೆಯ ಭಾಗದಲ್ಲಿ 1884ರ ಒಂದು ಇಂಗ್ಲಿಷ್ ಮೊಕದ್ದಮೆ ಬರುತ್ತದೆ. ಮಿನ್ಯೊನೆಟ್ ಎಂಬ ಹಾಯಿಹಡಗು ಮುಳುಗಿ, ನಾಲ್ವರು ಪುಟ್ಟ ದೋಣಿಯೊಂದರಲ್ಲಿ ಅನ್ನ ನೀರಿಲ್ಲದೆ ಉಳಿದಾಗ, ಅವರಲ್ಲಿ ಇಬ್ಬರು ಸೇರಿ ಹದಿನೇಳು ವರ್ಷದ ಕೆಲಸದ ಹುಡುಗನನ್ನು ಕೊಲ್ಲುತ್ತಾರೆ. ಅವನ ದೇಹವನ್ನು ತಿಂದು ಮೂವರು ಬದುಕುತ್ತಾರೆ. ಇದು ಕೊಲೆಯೇ ಅಲ್ಲವೇ ಎಂದು ಸ್ಯಾಂಡೆಲ್ ಕೇಳಿದ ತಕ್ಷಣ ನಾನು ವೀಡಿಯೊ ನಿಲ್ಲಿಸಿ ಹಲಗೆಯ ಮೇಲೆ ಮೂರು ಸಾಲು ಬರೆಯುತ್ತೇನೆ: ಹುಡುಗ ಒಪ್ಪಿದ್ದರೆ? ಚೀಟಿ ಎತ್ತಿದ್ದರೆ? ಅವನಿಗೂ ಹೆಂಡತಿ ಮಕ್ಕಳು ಇದ್ದಿದ್ದರೆ? ಅರ್ಧ ಗಂಟೆ ಕನ್ನಡದಲ್ಲಿ ವಾದ ನಡೆದ ಮೇಲೆ ವೀಡಿಯೊ ಮುಂದುವರಿಸಿದರೆ ಆ ಇಂಗ್ಲಿಷ್ ಅರ್ಧಕ್ಕಿಂತ ಹೆಚ್ಚು ತಾನಾಗಿಯೇ ತಿಳಿಯುತ್ತದೆ, ಏಕೆಂದರೆ ಹಾರ್ವರ್ಡಿನ ವಿದ್ಯಾರ್ಥಿಗಳು ಎದ್ದು ನಿಂತು ಆಡುವ ಮಾತುಗಳನ್ನು ನಮ್ಮ ಮಕ್ಕಳು ಆಗಲೇ ಆಡಿ ಮುಗಿಸಿರುತ್ತಾರೆ. ವೇಗವನ್ನು 0.75ಕ್ಕೆ ಇಳಿಸಿ, ಕೆಳಗೆ ಇಂಗ್ಲಿಷ್ ಅಡಿಬರಹ ಬರುವಂತೆ ಮಾಡಿಕೊಳ್ಳಿ.

ಇದಾದ ಮೇಲೆ ಯೇಲ್ ವಿಶ್ವವಿದ್ಯಾಲಯದ ಇಯಾನ್ ಶಪಿರೊ ಅವರು 2019ರಲ್ಲಿ ನೀಡಿದ ಉಪನ್ಯಾಸಗಳಿವೆ. ಸೋವಿಯತ್ ಒಕ್ಕೂಟದ ಪತನದಿಂದ ಹೊರಟು ಇಂದಿನ ರಾಜಕೀಯದವರೆಗೆ ಬರುವ 26 ಉಪನ್ಯಾಸಗಳು. ನಾನು ಒಂಬತ್ತಕ್ಕೆ ನಿಲ್ಲಿಸಿದವನು, ಆದ್ದರಿಂದ ಹೆಚ್ಚು ಹೇಳಲು ಅಧಿಕಾರವಿಲ್ಲ. ಅದೇ ವಿಶ್ವವಿದ್ಯಾಲಯದ ಹಳೆಯ ಮುಕ್ತ ಪಾಠಗಳಲ್ಲಿ ಪ್ರತಿ ಉಪನ್ಯಾಸದ ಪೂರ್ಣ ಬರಹವೂ ಧ್ವನಿಮುದ್ರಿಕೆಯೂ ಸಿಗುವುದರಿಂದ, ಕಿವಿಗೆ ಸಿಗದ ಇಂಗ್ಲಿಷನ್ನು ಕಣ್ಣಿನಿಂದ ಹಿಡಿಯುವವರಿಗೆ ಅವು ಹೆಚ್ಚು ಅನುಕೂಲ.

ಲೆಕ್ಕಪತ್ರ ವಿಭಾಗದ ನೌಕರ, ಶಾರ್ಜಾ (ಊರು ಕುಂದಾಪುರ)

‘ಉಚಿತ’ ಎಂಬ ಪದದ ಬಗ್ಗೆ ಮಾತ್ರ ನನ್ನ ಎರಡು ಮಾತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯವು 2001ರಲ್ಲಿ ಘೋಷಿಸಿದ ಓಪನ್‌ಕೋರ್ಸ್‌ವೇರ್ ಎಂಬ ಪಾಠಗಳ ತಾಣ ಪೂರ್ತಿ ಉಚಿತ. ಹೆಸರು, ಇಮೇಲ್ ಯಾವುದನ್ನೂ ಅದು ಕೇಳುವುದಿಲ್ಲ. ಆದರೆ ಹಲವು ವಿಶ್ವವಿದ್ಯಾಲಯಗಳ ಪಾಠಗಳನ್ನು ಒಂದೇ ಕಡೆ ಸೇರಿಸಿ ಕೊಡುವ ವಾಣಿಜ್ಯ ತಾಣಗಳಲ್ಲಿ ಪ್ರಮಾಣಪತ್ರವಿಲ್ಲದೆ ಪಾಠ ಮಾತ್ರ ನೋಡುವ ‘ಆಡಿಟ್’ ಎಂಬ ಉಚಿತ ದಾರಿ ಇದ್ದರೂ ಅದು ಬಹಳ ಸಲ ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿರುತ್ತದೆ, ಮತ್ತು ದೊಡ್ಡ ಗುಂಡಿಯನ್ನು ಒತ್ತಿದವನು ಕಾರ್ಡಿನ ಸಂಖ್ಯೆ ಕೇಳುವ ಪುಟಕ್ಕೆ ಹೋಗಿ ಬೀಳುತ್ತಾನೆ. ಏಳು ದಿನದ ಪುಕ್ಕಟೆ ಅವಧಿ ಎಂದು ನಂಬಿ ಸಂಖ್ಯೆ ಕೊಟ್ಟು, ಎಂಟನೆಯ ದಿನ ಮರೆತು, ಒಂದು ತಿಂಗಳ ಶುಲ್ಕ ಕಳೆದುಕೊಂಡವನು ನಾನು. ಅದೂ ಲೆಕ್ಕ ಬರೆಯುವುದೇ ಹೊಟ್ಟೆಪಾಡಾಗಿರುವವನು. ಕಾರ್ಡ್ ಕೇಳಿದರೆ ಹಿಂದಕ್ಕೆ ಬನ್ನಿ. ಆಡಿಟ್ ಅವಧಿ ಮುಗಿದ ಮೇಲೆ ಪಾಠಗಳು ಮುಚ್ಚಿಹೋಗುವುದುಂಟು, ಆದ್ದರಿಂದ ಸೇರಿದ ದಿನವೇ ಬರಹರೂಪದ ಟಿಪ್ಪಣಿಗಳನ್ನು ಇಳಿಸಿಟ್ಟುಕೊಳ್ಳಿ.

ಆರೋಗ್ಯ ಕ್ಷೇತ್ರದ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆ, ರಾಯಚೂರು

ಒಂದು ಊರಿನಲ್ಲಿ ನಡೆದದ್ದು ಪಕ್ಕದ ಊರಿನಲ್ಲಿ ಏಕೆ ನಿಂತಿತು ಎಂಬ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು ಎಂಐಟಿಯ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರು ಬಡತನದ ಕುರಿತು ನಡೆಸುವ ಪಾಠ. 2019ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಮೈಕೆಲ್ ಕ್ರೆಮರ್ ಜೊತೆ ಹಂಚಿಕೊಂಡವರು ಇವರೇ. ಪಾಠ ಕೇಳುವುದು ಉಚಿತ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಕ್ಕೆ ಮಾತ್ರ ಶುಲ್ಕವಿದೆ.

ಅವರ ಕೆಲಸದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ರಾಜಸ್ಥಾನದ ಉದಯಪುರ ಜಿಲ್ಲೆಯ ಲಸಿಕೆಯ ಪ್ರಯೋಗ. ಸೇವಾ ಮಂದಿರ ಎಂಬ ಸಂಸ್ಥೆಯೊಂದಿಗೆ ಸೇರಿ ಕೆಲವು ಹಳ್ಳಿಗಳಲ್ಲಿ ತಪ್ಪದೆ ಲಸಿಕಾ ಶಿಬಿರ ನಡೆಸಿದರು. ಇನ್ನು ಕೆಲವು ಹಳ್ಳಿಗಳಲ್ಲಿ ಶಿಬಿರದ ಜೊತೆಗೆ ಪ್ರತಿ ಲಸಿಕೆಗೆ ಒಂದು ಕಿಲೊ ಬೇಳೆ, ಎಲ್ಲ ಲಸಿಕೆ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟರು. ಉಳಿದ ಹಳ್ಳಿಗಳನ್ನು ಇದ್ದ ಹಾಗೆಯೇ ಬಿಟ್ಟರು. ಪೂರ್ತಿ ಲಸಿಕೆ ಪಡೆದ ಮಕ್ಕಳು ಇದ್ದ ಹಾಗೆ ಬಿಟ್ಟ ಹಳ್ಳಿಗಳಲ್ಲಿ ಶೇ. 6, ಶಿಬಿರವಿದ್ದಲ್ಲಿ ಶೇ. 18, ಬೇಳೆಯೂ ಇದ್ದಲ್ಲಿ ಶೇ. 39. ಇನ್ನೂ ಅಚ್ಚರಿಯೆಂದರೆ, ಒಂದು ಲಸಿಕೆಗೆ ತಗುಲಿದ ಸರಾಸರಿ ಖರ್ಚು ಬೇಳೆ ಕೊಟ್ಟ ಕಡೆಯೇ ಸುಮಾರು ಅರ್ಧದಷ್ಟು ಕಡಿಮೆ, ಏಕೆಂದರೆ ನರ್ಸಮ್ಮ ಹೇಗೂ ಇಡೀ ದಿನ ಕುಳಿತಿರಬೇಕು. ಐದು ಮಕ್ಕಳು ಬಂದರೂ ಐವತ್ತು ಮಕ್ಕಳು ಬಂದರೂ ಅವರ ದಿನದ ಸಂಬಳ ಒಂದೇ. ಹತ್ತು ವರ್ಷ ಈ ಕ್ಷೇತ್ರದಲ್ಲಿದ್ದು ‘ಜನರಲ್ಲಿ ಅರಿವಿಲ್ಲ’ ಎಂದು ವರದಿ ಬರೆಯುತ್ತಿದ್ದ ನಾನು ಆ ಲೆಕ್ಕ ನೋಡಿದ ಮೇಲೆ ಆ ವಾಕ್ಯವನ್ನು ಬರೆಯುವಾಗ ಕೈ ತಡೆಯುತ್ತೇನೆ.

ಇಂಗ್ಲಿಷಿಗೆ ನಾನು ಮಾಡಿಕೊಂಡ ಉಪಾಯವೆಂದರೆ ಇನ್ನೂರು ಪುಟದ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಎಡಗಡೆ ಅವರ ಪದವನ್ನೂ ಬಲಗಡೆ ನಮ್ಮೂರಿನವರಿಗೆ ಹೇಳುವಂಥ ಮಾತನ್ನೂ ಬರೆದದ್ದು. ‘ಕೌಂಟರ್‌ಫ್ಯಾಕ್ಚುಯಲ್’ ಎಂಬ ಪದದ ಎದುರು ‘ಯೋಜನೆ ಬಾರದೇ ಇದ್ದಿದ್ದರೆ ಇದೇ ಊರು ಈಗ ಹೇಗಿರುತ್ತಿತ್ತು’ ಎಂದಿದೆ. ನಿಘಂಟಿನ ಸಂಸ್ಕೃತ ಪದವನ್ನು ಅಲ್ಲಿ ಬರೆದಿದ್ದರೆ ಎರಡೂ ಕಡೆ ತಿಳಿಯದ ಪದವೇ ಉಳಿಯುತ್ತಿತ್ತು. ಒಂದು ಎಚ್ಚರಿಕೆ: ಬಡತನದ ಪಾಠ ಸುಲಭವಾಗಿ ಸಾಗುತ್ತದೆ, ಆದರೆ ಅದೇ ಸರಣಿಯ ಸಂಖ್ಯಾಶಾಸ್ತ್ರದ ಪಾಠಕ್ಕೆ ಗಣಿತದ ತಳಹದಿ ಬೇಕು. ನಾನು ಅಲ್ಲಿ ಎರಡು ಸಲ ಸೋತಿದ್ದೇನೆ.

ಎಂ.ಎ. ವಿದ್ಯಾರ್ಥಿ, ಧಾರವಾಡ

ಪ್ರಮಾಣಪತ್ರ ಬೇಕಾದರೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣವಾದ ಸ್ವಯಂ ಮತ್ತು ಐಐಟಿಗಳು ಸೇರಿ ಪಾಠ ನಡೆಸುವ ಎನ್‌ಪಿಟೆಲ್ ನೋಡಿ. ಜನವರಿ ಮತ್ತು ಜುಲೈ, ಹೀಗೆ ವರ್ಷಕ್ಕೆ ಎರಡು ಸಲ ಪಾಠಗಳು ಆರಂಭವಾಗುತ್ತವೆ. ಸೇರುವುದಕ್ಕೂ ಕಲಿಯುವುದಕ್ಕೂ ಹಣವಿಲ್ಲ. ನಾನು ಎನ್‌ಪಿಟೆಲ್ ಪರೀಕ್ಷೆಗೆ 1000 ರೂಪಾಯಿ ಕಟ್ಟಿ, ನಿಗದಿಯಾದ ಕೇಂದ್ರಕ್ಕೆ ಹೋಗಿ ಬರೆದೆ. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಾರದಿದ್ದರೆ ಪ್ರಮಾಣಪತ್ರವಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರಿಗೆ ಅದರಿಂದ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಸಿಗಬಹುದು, ನಿಮ್ಮ ಕಾಲೇಜಿನಲ್ಲಿ ವಿಚಾರಿಸಿ. ಕೆಲಸ ಸಿಕ್ಕವರನ್ನು ನಾನು ಕಂಡಿಲ್ಲ. ಎನ್‌ಪಿಟೆಲ್‌ನ ಕೆಲವು ಪಾಠಗಳ ಬರಹರೂಪ ಕನ್ನಡದಲ್ಲೂ ಇದೆ, ಆದರೆ ಅವುಗಳಲ್ಲಿ ಹೆಚ್ಚಿನವು ಎಂಜಿನಿಯರಿಂಗ್ ವಿಷಯದವು.

ತಾಲ್ಲೂಕು ಪಂಚಾಯಿತಿಯ ನಿವೃತ್ತ ಅಧಿಕಾರಿ, ಬೆಂಗಳೂರು

ತಂಗಿ, ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಹಾರ್ವರ್ಡಿನ ಮೇಷ್ಟ್ರು ನಿಮ್ಮ ತಾಲ್ಲೂಕಿನ ಬಗ್ಗೆ ಹೇಳುವುದಿಲ್ಲ. ಪ್ರತಿ ಪಾಠದ ಪಕ್ಕದಲ್ಲಿ ನಿಮ್ಮದೇ ಒಂದು ಕಡತ ತೆರೆದಿರಬೇಕು. ಇಲ್ಲದಿದ್ದರೆ ನಾಲ್ಕನೆಯ ವಾರಕ್ಕೆ ಬೇಸರ ಬಂದು ಬಿಟ್ಟುಬಿಡುತ್ತೀರಿ. ನಾನು ನಿವೃತ್ತನಾದ ಮೊದಲ ವರ್ಷ ಏಳು ಪಾಠಗಳಿಗೆ ಸೇರಿ ಒಂದನ್ನೂ ಮುಗಿಸಲಿಲ್ಲ. ಎಂಟನೆಯದನ್ನು ಮುಗಿಸಿದ್ದು ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ 2002ರ ವರದಿಯನ್ನು ಜೊತೆಗಿಟ್ಟುಕೊಂಡದ್ದರಿಂದ. ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದ ವರದಿ ಅದು. ಸರಾಸರಿ ಎಂದರೇನು, ಸೂಚಕ ಆಯ್ಕೆ ಮಾಡುವವನ ಕೈಯಲ್ಲಿ ಎಷ್ಟು ಅಧಿಕಾರವಿದೆ ಎಂದು ಪಾಠದಲ್ಲಿ ಕೇಳಿದ್ದನ್ನು ಆ ಕೋಷ್ಟಕಗಳಲ್ಲಿ ನಾನು ಕೆಲಸ ಮಾಡಿದ ತಾಲ್ಲೂಕಿನ ಸಾಲಿನ ಮೇಲೆ ಬೆರಳಿಟ್ಟು ನೋಡಿದಾಗಲೇ ನನಗೆ ಅರ್ಥವಾದದ್ದು. ನಿಮ್ಮ ಮಕ್ಕಳಿಗೂ ಅದನ್ನೇ ಮಾಡಿಸಿ: 35 ಸೂಚಕಗಳಲ್ಲಿ ಯಾವುದನ್ನು ಕೈಬಿಡುತ್ತೀರಿ, ಯಾವುದನ್ನು ಸೇರಿಸುತ್ತೀರಿ ಎಂದು ಕೇಳಿ.

ಬೆಂಗಳೂರಿಗೆ ಬಂದಾಗ ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ. ಸಾರ್ವಜನಿಕ ಜೀವನಕ್ಕೂ ತರಬೇತಿ ಬೇಕು ಎಂಬ ನಂಬಿಕೆಯಿಂದ ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ್ದು. ಅಲ್ಲಿನ ಉಪನ್ಯಾಸಗಳಿಗೆ ಟಿಕೆಟ್ಟೂ ಇಲ್ಲ, ಪಾಸ್‌ವರ್ಡೂ ಇಲ್ಲ. ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯ ಸಂಶೋಧನಾ ಪ್ರಬಂಧಗಳು ಅದರ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷಿನಲ್ಲಿದ್ದರೂ ಬಹಳಷ್ಟು ನಮ್ಮ ಜಿಲ್ಲೆಗಳ ಕುರಿತಾಗಿಯೇ ಇವೆ.

ಪ್ರಶ್ನೆ ಕೇಳಿದವರು, ಐದು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಪ್ರತಿ ಶನಿವಾರ ಸಂಜೆ ಸೇರುತ್ತಿದ್ದೇವೆ. ದೋಣಿಯ ಮೊಕದ್ದಮೆ ಎರಡು ವಾರ ತೆಗೆದುಕೊಂಡಿತು. ಕಳೆದ ವಾರ ಉದಯಪುರದ ಬೇಳೆಯ ಲೆಕ್ಕವನ್ನು ಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದಾಗ, ಮಗಳನ್ನು ಕರೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿದ್ದ ತಾಯಿಯೊಬ್ಬರು, ‘ಬ್ಯಾಳಿ ಆಸೆಗೆ ಬಂದ್ರು ಅಂತ ಬರೀಬ್ಯಾಡ್ರಿ, ಅವತ್ತಿನ ಕೂಲಿ ಬಿಟ್ಟು ಬಂದಾರ, ಅದನ್ನೂ ಬರೀರಿ’ ಎಂದರು. ಕೂಲಿಗೆ ಬೇರೆ ಸಾಲು ಎಳೆದಿದ್ದೇವೆ. ನಮ್ಮ ಅಂಗನವಾಡಿಗೆ ಲಸಿಕೆ ಹಾಕಿಸಲು ಬರುವ ಒಬ್ಬ ತಾಯಿಗೆ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಮುಂದಿನ ಲಸಿಕಾ ದಿನ ಇಬ್ಬರು ಹುಡುಗಿಯರು ಗಡಿಯಾರ ನೋಡಿ ಬರೆದುಕೊಳ್ಳಲಿದ್ದಾರೆ. ನಂಜುಂಡಪ್ಪ ವರದಿಯಲ್ಲಿ ನಮ್ಮ ತಾಲ್ಲೂಕಿನ ಕೋಷ್ಟಕಗಳಿರುವ ಪುಟಗಳು ಯಾರ ಬಳಿಯಾದರೂ ಇದ್ದರೆ ಕಳುಹಿಸಿಕೊಡಿ.