ಎ320: ಹಸಿರು ಬಿಂದು ಮಧ್ಯದಲ್ಲೇ ಇದೆ, ವಿಮಾನ ಮಾತ್ರ ಎತ್ತರದಲ್ಲೇ ಉಳಿಯುತ್ತದೆ (ಮುಂಬೈ 27, ಪುಣೆ)

ಆಕುರ್ಡಿ ಆಲ್ಟಿಟ್ಯೂಡ್ (ಪುಣೆ)

ಎಲ್ಲರಿಗೂ ನಮಸ್ಕಾರ. ಮನೆಯ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಏರ್‌ಬಸ್ ಎ320 ವಿಮಾನ ಹಾರಿಸುತ್ತೇನೆ. ತೊಂದರೆ ಎರಡು, ಎರಡೂ ಇಳಿಯುವಾಗಿನವು.

ಮೊದಲನೆಯದು ಮುಂಬೈಯಲ್ಲಿ. ಬೆಂಗಳೂರಿನಿಂದ ಬಂದು 27ನೇ ರನ್‌ವೇಗೆ ಇಳಿಯುವಾಗ, ಪಿಎಫ್‌ಡಿಯಲ್ಲಿ (ಪೈಲಟ್ ಎದುರಿನ ಮುಖ್ಯ ಪರದೆ) ಎತ್ತರದ ಪಟ್ಟಿಯ ಪಕ್ಕದಲ್ಲಿ ಕಾಣುವ, ಇಳಿಯುವ ಹಾದಿಗಿಂತ ಮೇಲಿದ್ದೇವೋ ಕೆಳಗಿದ್ದೇವೋ ಎಂದು ಹೇಳುವ ಹಸಿರು ಬಿಂದು ಸರಿಯಾಗಿ ಮಧ್ಯದಲ್ಲಿರುತ್ತದೆ. 9,000 ಅಡಿಯ ಹೊತ್ತಿಗೆ ಆನ್‌ಲೈನ್ ಕಂಟ್ರೋಲರ್ ಒಂದು ಹೆಡಿಂಗ್ (ಹಿಡಿಯಬೇಕಾದ ದಿಕ್ಕು) ಕೊಟ್ಟು ಲೋಕಲೈಸರ್ (ರನ್‌ವೇಯ ನೇರ ಗೆರೆ ತೋರಿಸುವ ರೇಡಿಯೊ ಕಿರಣ) ಕಡೆಗೆ ತಿರುಗಿಸುತ್ತಾರೆ. ಆಮೇಲೂ ಬಿಂದು ಹೆಚ್ಚು ಕದಲುವುದಿಲ್ಲ. ಆದರೆ ಲೋಕಲೈಸರ್ ಹಿಡಿಯುವಷ್ಟರಲ್ಲಿ ಗ್ಲೈಡ್‌ಸ್ಲೋಪಿನ (ಇಳಿಜಾರು ತೋರಿಸುವ ರೇಡಿಯೊ ಕಿರಣ) ವಜ್ರದ ಗುರುತು ತನ್ನ ಪಟ್ಟಿಯ ತಳಕ್ಕೆ ಅಂಟಿಕೊಂಡಿರುತ್ತದೆ. ಎಷ್ಟು ಎಳೆದರೂ ಮೇಲೆ ಬರುವುದಿಲ್ಲ, ಕೊನೆಗೆ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು).

ಎರಡನೆಯದು ಪುಣೆಯಲ್ಲಿ. ಐಎಲ್‌ಎಸ್ (ಆ ಎರಡು ಕಿರಣಗಳ ವ್ಯವಸ್ಥೆ) ಬಳಸದೆ, ಎಫ್‌ಎಂಎಸ್ (ವಿಮಾನದ ಮಾರ್ಗದ ಕಂಪ್ಯೂಟರ್) ಲೆಕ್ಕ ಹಾಕಿದ 3 ಡಿಗ್ರಿ ಹಾದಿಯಲ್ಲಿ ಇಳಿದೆ. ವಿಚಲನೆಯ ಗುರುತು ನಟ್ಟನಡುವೆ ಇತ್ತು. ಹೊರಗೆ ನೋಡಿದರೆ ರನ್‌ವೇ ಪಕ್ಕದ ಪ್ಯಾಪಿ ದೀಪಗಳು ಮೂರು ಬಿಳಿ, ಒಂದು ಕೆಂಪು, ಅಂದರೆ ಹಾದಿಗಿಂತ ತುಸು ಮೇಲೆ. ಹವಾಮಾನ ನಿಜವಾದದ್ದೇ: ಮೇ ತಿಂಗಳ ಮಧ್ಯಾಹ್ನ, 38 ಡಿಗ್ರಿ, ಗಾಳಿ ಅಷ್ಟಾಗಿ ಇಲ್ಲ.

ವಿಮಾನದ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದ್ದೇನೆ, ನ್ಯಾವಿಗೇಶನ್ ಡೇಟಾ ಹೊಸದು. ಪರದೆಯ ಗುರುತುಗಳೇ ಸುಳ್ಳು ಹೇಳುತ್ತಿವೆಯೇ?

ಡೊಂಬಿವಿಲಿ ದೇಸಾಯಿ (ಮುಂಬೈ)

ಮೊದಲು ಕ್ಯೂಎನ್‌ಎಚ್ (ಎತ್ತರ ಅಳೆಯುವ ಆಲ್ಟಿಮೀಟರಿಗೆ ಹಾಕುವ ಸ್ಥಳೀಯ ಒತ್ತಡ) ನೋಡಿ. ಪ್ರಮಾಣಿತ 1013ರಲ್ಲೇ ಬಿಟ್ಟು ಇಳಿದರೆ ಎಲ್ಲವೂ ಹಾಳು. ಮಳೆಗಾಲದಲ್ಲಿ ಮುಂಬೈಯ ಒತ್ತಡ 1000ದ ಆಸುಪಾಸಿಗೆ ಬರುತ್ತದೆ.

ಆಕುರ್ಡಿ ಆಲ್ಟಿಟ್ಯೂಡ್

ದೇಸಾಯಿಯವರೇ, ಕ್ಯೂಎನ್‌ಎಚ್ ಎರಡೂ ಕಡೆ ಸರಿಯಾಗಿತ್ತು. ಮುಂಬೈಯಲ್ಲಿ 1006 ಹಾಕಿದ್ದೆ.

ಮಾಟುಂಗಾ ಮಾವ (ಮುಂಬೈ)

ಕ್ಯೂಎನ್‌ಎಚ್ ಅಲ್ಲ. ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 28 ಅಡಿ. ಏಳು ಹೆಕ್ಟೋಪಾಸ್ಕಲ್ ತಪ್ಪಿದ್ದರೂ ವ್ಯತ್ಯಾಸ 200 ಅಡಿಯನ್ನು ದಾಟುವುದಿಲ್ಲ. ಅಷ್ಟಕ್ಕೆ ಗೋ ಅರೌಂಡ್ ಮಾಡುವ ಸ್ಥಿತಿ ಬರುವುದಿಲ್ಲ. ದೇಸಾಯಿಯವರು ಯಾವ ಕಾಯಿಲೆಗೂ ಇದೇ ಔಷಧಿ ಬರೆಯುತ್ತಾರೆ, ಇರಲಿ.

ಇಷ್ಟು ಉದ್ದ ಬರೆದಿರುವ ನೀವು ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ಹೆಡಿಂಗ್ ಕೊಟ್ಟ ಮೇಲೆ ಪಿಎಫ್‌ಡಿಯ ನೆತ್ತಿಯಲ್ಲಿರುವ ಎಫ್‌ಎಂಎ ಸಾಲಿನಲ್ಲಿ (ಯಾವ ಮೋಡ್ ನಡೆಯುತ್ತಿದೆ ಎಂದು ಹೇಳುವ ಸಾಲು) ಏನು ಬರೆದಿತ್ತು? ಎನ್‌ಡಿಯಲ್ಲಿ (ನಕ್ಷೆಯ ಪರದೆ) ಮುಂದಿನ ವೇಪಾಯಿಂಟ್ (ಹಾದಿಯ ಮೇಲಿನ ಗುರುತು) ಯಾವುದಿತ್ತು? ಅದು ವಿಮಾನದ ಮುಂದಿತ್ತೋ, ಹಿಂದಿತ್ತೋ?

ಆಕುರ್ಡಿ ಆಲ್ಟಿಟ್ಯೂಡ್

ಮಾವ, ವಿಡಿಯೊ ಉಳಿಸಿಟ್ಟಿದ್ದೆ, ನೋಡಿ ಹೇಳುತ್ತಿದ್ದೇನೆ. ಹೆಡಿಂಗ್ ಗುಂಡಿ ಎಳೆಯುವ ಮೊದಲು ಡಿಇಎಸ್ (ಲೆಕ್ಕದ ಹಾದಿಯಲ್ಲಿ ಇಳಿಯುವ ಮೋಡ್) ಮತ್ತು ನ್ಯಾವ್ (ಯೋಜಿತ ದಾರಿ ಹಿಡಿಯುವ ಮೋಡ್). ಎಳೆದ ಮೇಲೆ ವರ್ಟಿಕಲ್ ಸ್ಪೀಡ್ (ನಿಮಿಷಕ್ಕೆ ಇಷ್ಟು ಅಡಿ ಎಂದು ಇಳಿಯುವ ಮೋಡ್) ಮತ್ತು ಹೆಡಿಂಗ್. ವರ್ಟಿಕಲ್ ಸ್ಪೀಡ್ ಮೈನಸ್ 900. ನೆಲವೇಗ ಸುಮಾರು 300 ನಾಟ್. ಯೋಜಿತ ಹಾದಿಯಲ್ಲಿ ರನ್‌ವೇಗೆ ಇನ್ನೂ 34 ನಾಟಿಕಲ್ ಮೈಲಿ ತೋರಿಸುತ್ತಿತ್ತು. ಮುಂದಿನ ವೇಪಾಯಿಂಟ್ ಎಡಕ್ಕೆ, ಹಿಂದಕ್ಕೆ ಜಾರಿತ್ತು. ನಾನು ನಿಜವಾಗಿ ಹಾರಿದ ದೂರ 20 ಮೈಲಿ ಇರಬಹುದು.

ಮಾಟುಂಗಾ ಮಾವ

ಹಾಗಾದರೆ ಪರದೆ ಸರಿಯಾಗಿದೆ. ಬೇಡದ ಗುರುತನ್ನು ನೋಡುತ್ತಿದ್ದೀರಿ, ಅಷ್ಟೆ.

ಡಿಇಎಸ್ ಎಂಬುದು ನ್ಯಾವ್ ಜೊತೆಗೆ ಮಾತ್ರ ಬದುಕುವ ಮೋಡ್. ವಿಮಾನ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಎಫ್‌ಎಂಎಸ್‌ಗೆ ಗೊತ್ತಿದ್ದರೆ ಮಾತ್ರ ಎಲ್ಲಿ ಎಷ್ಟು ಎತ್ತರ ಇರಬೇಕೆಂಬ ಲೆಕ್ಕ ನಿಲ್ಲುತ್ತದೆ. ನೀವು ಹೆಡಿಂಗ್ ಎಳೆದ ಕ್ಷಣವೇ ಡಿಇಎಸ್ ಕಳಚಿಕೊಂಡು, ಆಗ ಇದ್ದ ಇಳಿಯುವ ವೇಗವನ್ನೇ ಹಿಡಿದುಕೊಂಡು ವರ್ಟಿಕಲ್ ಸ್ಪೀಡ್ ಮೋಡ್ ಬಂದಿದೆ. ಎಫ್‌ಎಂಎ ಓದುವ ಅಭ್ಯಾಸ ಇಲ್ಲದವರಿಗೆ ಇದು ತಿಳಿಯುವುದೇ ಇಲ್ಲ. 300 ನಾಟ್ ಎಂದರೆ ನಿಮಿಷಕ್ಕೆ 5 ಮೈಲಿ. ನಿಮಿಷಕ್ಕೆ 900 ಅಡಿ ಇಳಿದರೆ ಮೈಲಿಗೆ 180 ಅಡಿ ಆಯಿತು. 3 ಡಿಗ್ರಿ ಹಾದಿಗೆ ಮೈಲಿಗೆ 318 ಅಡಿ ಬೇಕು. ಪ್ರತಿ ಮೈಲಿಗೂ 138 ಅಡಿ ಸಾಲ ಏರುತ್ತಾ ಹೋಗಿದೆ.

ಇನ್ನು ಹಸಿರು ಬಿಂದು. ಅದು ರನ್‌ವೇಯನ್ನು ನೋಡುವುದಿಲ್ಲ, ನೆಲವನ್ನೂ ನೋಡುವುದಿಲ್ಲ. ಫ್ಲೈಟ್ ಪ್ಲಾನಿನಲ್ಲಿ ಬರೆದಿರುವ ಹಾದಿಯ ಉದ್ದವನ್ನು ಇಟ್ಟುಕೊಂಡು, ‘ಈಗ ಇಲ್ಲಿ ಇಷ್ಟು ಎತ್ತರದಲ್ಲಿರಬೇಕಿತ್ತು’ ಎಂದು ಎಫ್‌ಎಂಎಸ್ ಹಾಕಿದ ಲೆಕ್ಕ ಅದು. ತೋರಿಸುವ ವ್ಯಾಪ್ತಿ ಮೇಲಕ್ಕೆ 500 ಅಡಿ, ಕೆಳಕ್ಕೆ 500 ಅಡಿ. ನೀವು ಹೆಡಿಂಗ್‌ನಲ್ಲಿದ್ದರೂ, ಮತ್ತೆ ಯೋಜಿತ ಹಾದಿಗೆ ಮರಳುತ್ತೀರಿ ಎಂದೇ ಎಫ್‌ಎಂಎಸ್ ಎಣಿಸುತ್ತದೆ. ನೀವು ಎಕ್ಸ್‌ಪ್ರೆಸ್‌ವೇ ಹಿಡಿದ ಮೇಲೂ ಮೊಬೈಲಿನ ನಕ್ಷೆ ಹಳೆಯ ಪುಣೆ ಹೆದ್ದಾರಿಯ ಸಮಯವನ್ನೇ ಹೇಳುತ್ತಿದ್ದರೆ ಹೇಗೋ ಹಾಗೆ. ಲೆಕ್ಕ ತಪ್ಪಲ್ಲ, ನೀವು ಆ ದಾರಿಯಲ್ಲಿ ಇಲ್ಲ.

34 ಮೈಲಿಗೆ 9,000 ಅಡಿ ಚೆನ್ನಾಗಿಯೇ ಹೊಂದುತ್ತದೆ, ವೇಗ ಇಳಿಸಲು ನಡುವೆ ಜಾಗವೂ ಸಿಗುತ್ತದೆ. 20 ಮೈಲಿಗೆ ಹೊಂದುವುದಿಲ್ಲ. ಸಾವಿರ ಅಡಿಗೆ 3 ಮೈಲಿ ಎಂಬ ಹಳೆಯ ಲೆಕ್ಕ ಹಿಡಿದರೆ 9,000 ಅಡಿ ಕಳೆಯಲು 27 ಮೈಲಿ ಬೇಕು. 7 ಮೈಲಿ ಕೊರತೆ ಎಂದರೆ 2,200 ಅಡಿ ಹೆಚ್ಚುವರಿ ಎತ್ತರ. ಸಮತಲದಲ್ಲಿ ವೇಗ ಇಳಿಸಲು 10 ನಾಟ್‌ಗೆ ಸುಮಾರು ಒಂದು ಮೈಲಿ ಬೇಕು, ಅದು ಇನ್ನೂ ಬೇರೆ. ವಜ್ರ ತಳ ಕಚ್ಚದೆ ಇನ್ನೇನು ಮಾಡೀತು?

ಹೆಡಿಂಗ್ ಸಿಕ್ಕಾಗ ಮಾಡಬೇಕಾದದ್ದು ಇದು. ಬಿಂದುವನ್ನು ಮರೆತುಬಿಡಿ. ಎನ್‌ಡಿಯಲ್ಲಿ ವಿಮಾನದ ಮುಂದೆ ಒಂದು ಹಸಿರು ಕಮಾನು ಮೂಡುತ್ತದೆ, ಎನರ್ಜಿ ಸರ್ಕಲ್ ಎನ್ನುತ್ತಾರೆ. ಹೆಡಿಂಗ್ ಅಥವಾ ಟ್ರ್ಯಾಕ್ ಮೋಡ್‌ನಲ್ಲಿ ಮಾತ್ರ ಬರುವಂಥದ್ದು. ಈಗಿನ ಎತ್ತರ ಮತ್ತು ವೇಗ ಎರಡನ್ನೂ ಕಳೆದು ಇಳಿಯಲು ಬೇಕಾದ ದೂರ ಅದು. ರನ್‌ವೇ ಆ ಕಮಾನಿನಾಚೆ ಇದ್ದರೆ ನೆಮ್ಮದಿ. ಒಳಗೆ ಬಿದ್ದರೆ ತಡ ಮಾಡದೆ ಓಪನ್ ಡಿಸೆಂಟ್ (ಎಂಜಿನ್ ಶಕ್ತಿ ಕನಿಷ್ಠಕ್ಕೆ ತಂದು ಇಳಿಯುವ ಮೋಡ್), ಸ್ಪೀಡ್‌ಬ್ರೇಕ್, ಅಗತ್ಯವಿದ್ದರೆ ಚಕ್ರ ಬೇಗ ಇಳಿಸುವುದು. ಅದೂ ಸಾಲದಿದ್ದರೆ ಕಂಟ್ರೋಲರ್ ಹತ್ತಿರ ಇನ್ನಷ್ಟು ಮೈಲಿ ಕೇಳಿ, ಕೇಳುವುದರಲ್ಲಿ ಅವಮಾನವೇನಿಲ್ಲ. ಜೊತೆಗೆ ಹಿಂದೆ ಉಳಿದ ವೇಪಾಯಿಂಟ್‌ಗಳನ್ನು ಅಳಿಸಿ, ಫೈನಲ್‌ನ (ರನ್‌ವೇಗೆ ನೇರವಾದ ಕೊನೆಯ ಹಂತ) ಬಿಂದುವಿಗೆ ‘ರೇಡಿಯಲ್ ಇನ್’ (ಆ ಬಿಂದುವಿಗೆ ನಿಗದಿತ ದಿಕ್ಕಿನಿಂದ ಬರುವ ಗೆರೆ) ಹಾಕಿ. ಯೋಜಿತ ಹಾದಿ ನಿಜವಾದ ಹಾದಿಗೆ ಹತ್ತಿರವಾದ ಮೇಲೆ ಹಸಿರು ಬಿಂದುವಿಗೂ ಮತ್ತೆ ಅರ್ಥ ಬರುತ್ತದೆ.

ವಾಸ್ಕೋ ವಿಹಾರಿ (ಗೋವಾ)

ಬೋಯಿಂಗ್ ಪಕ್ಷದಿಂದ ಒಂದು ಮಾತು. ನಾನು ಹಾರಿಸುವುದು 737. ಹಾದಿಯ ವಿಚಲನೆ ಇಲ್ಲಿ ಎನ್‌ಡಿಯ ಬಲಬದಿಯಲ್ಲಿ ನೇರಳೆಗೆಂಪು ಗುರುತಾಗಿ ಬರುತ್ತದೆ, ಅಳತೆಪಟ್ಟಿ ಮೇಲೆ 400, ಕೆಳಗೆ 400 ಅಡಿ. ಹಸಿರು ಕಮಾನು ನಮ್ಮಲ್ಲೂ ಇದೆ, ಆದರೆ ಅದು ಹೇಳುವುದೇ ಬೇರೆ: ಈಗಿನ ನೆಲವೇಗ, ಈಗಿನ ಇಳಿಯುವ ವೇಗ ಹೀಗೇ ಇದ್ದರೆ, ಹೊಂದಿಸಿಟ್ಟ ಎತ್ತರವನ್ನು ನಕ್ಷೆಯ ಮೇಲೆ ಎಲ್ಲಿ ಮುಟ್ಟುತ್ತೀರಿ ಎಂಬುದು. ಏರ್‌ಬಸ್‌ನಿಂದ ಬಂದವರು ಇದನ್ನು ಎನರ್ಜಿ ಸರ್ಕಲ್ ಎಂದುಕೊಂಡು ಗೋವಾವನ್ನು ದಾಟಿ ಸಮುದ್ರದ ಮೇಲೆ ಹೋಗುವುದನ್ನು ನೋಡಿದ್ದೇನೆ.

ಕೆಲವು 737ಗಳಲ್ಲಿ ಎನ್‌ಡಿಯ ಕೆಳಗೆ ಪಕ್ಕನೋಟವೂ ಇರುತ್ತದೆ. ನೆಲದ ಏರಿಳಿತ, ಹೊಂದಿಸಿಟ್ಟ ಎತ್ತರ, ವಿಮಾನ ಸಾಗುತ್ತಿರುವ ಗೆರೆ ಎಲ್ಲವೂ ಒಂದೇ ಚಿತ್ರದಲ್ಲಿ. ಪಶ್ಚಿಮ ಘಟ್ಟ ದಾಟಿ ದಾಬೋಲಿಂಗೆ ಇಳಿಯುವಾಗ ಅದನ್ನು ಬಿಟ್ಟು ಬೇರೆ ಕಡೆ ಕಣ್ಣು ಹೋಗುವುದಿಲ್ಲ.

ಡೊಂಬಿವಿಲಿ ದೇಸಾಯಿ

ಎ320ಯಲ್ಲೂ ಅಂಥ ಪಕ್ಕನೋಟ ತರಿಸಲು ಏನಾದರೂ ಸೆಟ್ಟಿಂಗ್ ಇದೆಯೇ?

ಮಾಟುಂಗಾ ಮಾವ

ನಮ್ಮ ಸಿಮ್ಯುಲೇಟರಿನಲ್ಲಿರುವ ಮಾದರಿಯಲ್ಲಿ ಇಲ್ಲ. ಏರ್‌ಬಸ್‌ನಲ್ಲಿ ಅದು ಎ380, ಎ350ಗಳಲ್ಲಿದೆ. ಎ320ಯಲ್ಲಿ ಆ ಚಿತ್ರವನ್ನು ತಲೆಯಲ್ಲೇ ಬರೆದುಕೊಳ್ಳಬೇಕು. ಸಾವಿರ ಅಡಿಗೆ 3 ಮೈಲಿ ಎಂಬ ಮೂರರ ಲೆಕ್ಕ ಇರುವುದೇ ಅದಕ್ಕೆ. ಬಾಗಿದ ನೀಲಿ ಬಾಣ ಎನ್‌ಡಿಯಲ್ಲಿ ಬರುತ್ತದೆಯಲ್ಲ, ವಾಸ್ಕೋದವರ ಹಸಿರು ಕಮಾನಿನ ಕೆಲಸ ಮಾಡುವುದು ಅದೇ.

ಎಫ್‌ಎಂಎ ಬಗ್ಗೆ ಇಷ್ಟು ಕೆರೆಯುವುದು ಏಕೆಂದರೆ, ಉಪಕರಣಗಳ ದುರಸ್ತಿಯ ಕೆಲಸದಲ್ಲಿದ್ದ ನಮ್ಮ ತಲೆಮಾರಿಗೆ 1990ರ ಫೆಬ್ರವರಿ 14 ಮರೆಯುವ ದಿನವಲ್ಲ. ಇದೇ ಬಾಂಬೆಯಿಂದ ಬೆಂಗಳೂರಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ 605, ಎಚ್‌ಎಎಲ್ ರನ್‌ವೇಗೆ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ಆ ಎ320 ಫೈನಲ್‌ನಲ್ಲಿ ಓಪನ್ ಡಿಸೆಂಟ್ ಮೋಡ್‌ನಲ್ಲಿತ್ತು, ಎಂಜಿನ್‌ಗಳು ಐಡಲ್‌ನಲ್ಲಿದ್ದವು. ಎರಡು ವರ್ಷದ ಬಳಿಕ, 1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ320 ಬೆಟ್ಟಕ್ಕೆ ಅಪ್ಪಳಿಸಿ 87 ಮಂದಿ ಸತ್ತರು. 3.3 ಡಿಗ್ರಿಯ ಇಳಿಜಾರು ಕೊಡಲು ಹೋಗಿ ನಿಮಿಷಕ್ಕೆ 3,300 ಅಡಿಯ ಇಳಿತ ಕೊಟ್ಟಿರಬಹುದು ಎಂಬುದು ತನಿಖೆ ಮುಂದಿಟ್ಟ ಬಲವಾದ ಸಾಧ್ಯತೆ. ಆಗಿನ ಕಿಟಕಿಯಲ್ಲಿ ಎರಡಕ್ಕೂ ಎರಡೇ ಅಂಕೆ ಕಾಣುತ್ತಿದ್ದವು. ಆಮೇಲೆ ವರ್ಟಿಕಲ್ ಸ್ಪೀಡ್ ನಾಲ್ಕು ಅಂಕೆಗಳಲ್ಲಿ ಕಾಣುವಂತೆ ಬದಲಾಯಿಸಿದರು. ನಿಮ್ಮ ಮನೆಯ ಪರದೆಯಲ್ಲಿ ‘-3300’ ಎಂದು ಉದ್ದಕ್ಕೆ ಕಾಣುವುದು ಸುಮ್ಮನೆ ಅಲ್ಲ.

ಆಕುರ್ಡಿ ಆಲ್ಟಿಟ್ಯೂಡ್

ಅರ್ಥವಾಯಿತು ಮಾವ. ಆದರೆ ಪುಣೆಯಲ್ಲಿ ಕೊನೆಯವರೆಗೂ ನ್ಯಾವ್‌ನಲ್ಲೇ ಇದ್ದೆ, ಹೆಡಿಂಗ್ ಮುಟ್ಟಲಿಲ್ಲ. ಅಲ್ಲಿಯ ಮೂರು ಬಿಳಿ ದೀಪಗಳಿಗೆ ಕಾರಣ?

ಮಾಟುಂಗಾ ಮಾವ

ಬಿಸಿಲು.

ಸರಿ, ಬಿಡಿಸಿ ಹೇಳುತ್ತೇನೆ. ಎಫ್‌ಎಂಎಸ್ ಲೆಕ್ಕದ ಹಾದಿ ಆಲ್ಟಿಮೀಟರಿನ ಎತ್ತರವನ್ನು ನಂಬಿಕೊಂಡಿರುತ್ತದೆ. ಆಲ್ಟಿಮೀಟರ್ ಅಳೆಯುವುದು ಒತ್ತಡವನ್ನು. ಒತ್ತಡವನ್ನು ಅಡಿಗೆ ಬದಲಾಯಿಸುವಾಗ ಪ್ರಮಾಣಿತ ವಾತಾವರಣ ಇದೆ ಎಂದುಕೊಳ್ಳುತ್ತದೆ: ಸಮುದ್ರಮಟ್ಟದಲ್ಲಿ 15 ಡಿಗ್ರಿ, ಮೇಲೆ ಹೋದಂತೆ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಕೆ. ಪುಣೆಯ ಲೋಹಗಾಂವ್ ಸಮುದ್ರಮಟ್ಟದಿಂದ 1,942 ಅಡಿ ಎತ್ತರದಲ್ಲಿದೆ. ಪ್ರಮಾಣದ ಪ್ರಕಾರ ಅಲ್ಲಿ 11 ಡಿಗ್ರಿ ಇರಬೇಕು. ನಿಮಗಿದ್ದದ್ದು 38. ಇಪ್ಪತ್ತೇಳು ಡಿಗ್ರಿ ಹೆಚ್ಚು. ಬಿಸಿ ಗಾಳಿ ಹಿಗ್ಗುತ್ತದೆ, ಅದೇ ಒತ್ತಡ ಇನ್ನೂ ಮೇಲೆ ಸಿಗುತ್ತದೆ. ಆಲ್ಟಿಮೀಟರ್ ಪ್ರಕಾರ ನೆಲದಿಂದ 2,000 ಅಡಿ ಮೇಲಿದ್ದೀರಿ ಎಂದರೆ ನಿಜವಾಗಿ ಹತ್ತಿರಹತ್ತಿರ 2,190. ಮೈಲಿಗಳೇನೂ ಬದಲಾಗಲಿಲ್ಲ. ಹಾಗಾಗಿ 3 ಡಿಗ್ರಿಯ ಹಾದಿ ಸುಮಾರು 3.3 ಡಿಗ್ರಿಯಾಗಿ ಕಡಿದಾಗುತ್ತದೆ.

ಪ್ಯಾಪಿ ದೀಪಗಳಿಗೆ ಬಿಸಿಲೂ ಇಲ್ಲ, ಒತ್ತಡವೂ ಇಲ್ಲ, ಅವು ನೋಡುವುದು ಕೋನವನ್ನು ಮಾತ್ರ. 3 ಡಿಗ್ರಿಗೆ ಹೊಂದಿಸಿದ ದೀಪಗಳಲ್ಲಿ 3 ಡಿಗ್ರಿ 10 ನಿಮಿಷದಿಂದ 3 ಡಿಗ್ರಿ 30 ನಿಮಿಷದವರೆಗೆ ಮೂರು ಬಿಳಿ ಕಾಣಬೇಕು. 3.3 ಎಂದರೆ 3 ಡಿಗ್ರಿ 18 ನಿಮಿಷ. ನೀವು ನೋಡಿದ್ದು ಅದನ್ನೇ.

ಐಎಲ್‌ಎಸ್‌ನಲ್ಲಿ ಹೀಗಾಗುವುದಿಲ್ಲ, ಗ್ಲೈಡ್‌ಸ್ಲೋಪ್ ರೇಡಿಯೊ ಕಿರಣ, ಅದು ಇದ್ದಲ್ಲೇ ಇರುತ್ತದೆ. ಆಗ ಆಲ್ಟಿಮೀಟರೇ ಚಾರ್ಟಿನ ಅಂಕಿಗಿಂತ ಕಡಿಮೆ ತೋರಿಸುತ್ತದೆ. ಪುಣೆಯಲ್ಲಿ ಮೇಲಿರುವುದು ಕಿರಿಕಿರಿ ಅಷ್ಟೆ. ಚಳಿದೇಶದಲ್ಲಿ ಇದೇ ಲೆಕ್ಕ ತಲೆಕೆಳಗಾಗಿ, ವಿಮಾನ ತೋರಿಸುವುದಕ್ಕಿಂತ ಕೆಳಗಿರುತ್ತದೆ, ಅದು ಅಪಾಯ.

ನಂಬಿಕೆ ಬಾರದಿದ್ದರೆ ಹವಾಮಾನವನ್ನು ಕೈಯಿಂದ ಹೊಂದಿಸಿ: ಲೋಹಗಾಂವ್‌ನಲ್ಲಿ 11 ಡಿಗ್ರಿ, ಗಾಳಿ ಸೊನ್ನೆ. ಅದೇ ಹಾದಿಯಲ್ಲಿ ಮತ್ತೆ ಇಳಿಯಿರಿ.

ಆಕುರ್ಡಿ ಆಲ್ಟಿಟ್ಯೂಡ್

ಎರಡನ್ನೂ ಪರೀಕ್ಷಿಸಿದೆ. ಪುಣೆ, 11 ಡಿಗ್ರಿ: ಎರಡು ಬಿಳಿ, ಎರಡು ಕೆಂಪು. 38ಕ್ಕೆ ಏರಿಸಿದೆ: ಮತ್ತೆ ಮೂರು ಬಿಳಿ.

ಮುಂಬೈಯಲ್ಲಿ ಹೆಡಿಂಗ್ ಸಿಕ್ಕ ಕೂಡಲೇ ರನ್‌ವೇ ಕಮಾನಿನೊಳಗೆ ಬಿದ್ದಿತ್ತು. ಓಪನ್ ಡಿಸೆಂಟ್, ಸ್ಪೀಡ್‌ಬ್ರೇಕ್ ಎಳೆದ ಮೇಲೆ ಕಮಾನು ನಿಧಾನವಾಗಿ ಹಿಂದೆ ಸರಿದು ರನ್‌ವೇಗಿಂತ ಈಚೆಗೆ ಬಂತು. ಲೋಕಲೈಸರ್ ಹಿಡಿದಾಗ ವಜ್ರ ಒಂದೇ ಚುಕ್ಕೆ ಕೆಳಗಿತ್ತು. ಇನ್ನೂ ಸ್ವಲ್ಪ ಮೇಲಿದ್ದಾಗ ಗ್ಲೈಡ್‌ಸ್ಲೋಪನ್ನು ಮೇಲಿನಿಂದ ಹಿಡಿಯಬಹುದೇ, ಅಥವಾ ಬಿಟ್ಟುಬಿಡಬೇಕೇ?

ಮಾಟುಂಗಾ ಮಾವ

ಒಂದು ಚುಕ್ಕೆಯಾದರೆ ಹಿಡಿಯಬಹುದು. ಲೋಕಲೈಸರ್ ಹಿಡಿದಿರಬೇಕು, ಅಪ್ರೋಚ್ ಮೋಡ್ (ಐಎಲ್‌ಎಸ್ ಕಿರಣ ಹಿಡಿಯುವ ಮೋಡ್) ಒತ್ತಿರಬೇಕು. ಹೊಂದಿಸುವ ಎತ್ತರವನ್ನು ವಿಮಾನಕ್ಕಿಂತ ಮೇಲೆ ಇಡಿ, ಇಲ್ಲವಾದರೆ ನಡುವೆ ಆ ಎತ್ತರವನ್ನು ಹಿಡಿದುಕೊಂಡು ಸಮತಲಕ್ಕೆ ಬಂದುಬಿಡುತ್ತದೆ. ವರ್ಟಿಕಲ್ ಸ್ಪೀಡ್ ಮೈನಸ್ 1,500ರಿಂದ ಶುರು ಮಾಡಿ, ವೇಗದ ಮೇಲೆ ಕಣ್ಣಿರಲಿ. ಬಹಳ ಮೇಲಿದ್ದರೆ ಬೇಡ: ಸುಮಾರು 9 ಡಿಗ್ರಿಯಲ್ಲಿ ಸುಳ್ಳು ಕಿರಣವೂ ಇರುತ್ತದೆ, ವಜ್ರ ಅದಕ್ಕೂ ಮಧ್ಯಕ್ಕೆ ಬರುತ್ತದೆ. ಹಿಡಿದ ಮೇಲೆ ಮೂರರ ಲೆಕ್ಕದಿಂದ ಒಮ್ಮೆ ತಾಳೆ ನೋಡಿ. ರನ್‌ವೇ ತುದಿಯಿಂದ 5 ಮೈಲಿಯಲ್ಲಿ ನೆಲದಿಂದ ಸುಮಾರು 1,600 ಅಡಿ ಇರಬೇಕು.

ಸಾವಿರ ಅಡಿಗೆ ಬರುವಷ್ಟರಲ್ಲಿ ವೇಗ, ಇಳಿತ, ಫ್ಲ್ಯಾಪ್ ಎಲ್ಲವೂ ನೆಲೆಗೆ ಬಂದಿರದಿದ್ದರೆ ಗೋ ಅರೌಂಡ್. 140 ನಾಟ್‌ನಲ್ಲಿ ನಿಮಿಷಕ್ಕೆ 700 ಅಡಿ, ನೆಲವೇಗಕ್ಕೆ ಐದರ ಗುಣಾಕಾರ.

ಡೊಂಬಿವಿಲಿ ದೇಸಾಯಿ

ಕ್ಯೂಎನ್‌ಎಚ್ ಕೂಡ ಒಮ್ಮೆ ನೋಡಿಬಿಡಿ.