ಬಾಲ್ ಮಿಲ್‌ನ ಗುಂಡುಗಳು ಹೋಳಾಗುತ್ತಿವೆ, ಯಾವುದನ್ನು ಕೊಳ್ಳಲಿ?

ನಮಸ್ಕಾರ. ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಪಿಂಗಾಣಿ ಸಾಮಾನಿಗೆ ಬಳಿಯುವ ಬಿಳಿ ಗ್ಲೇಜ್‌ಗಾಗಿ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿಯನ್ನು ನೀರು ಸೇರಿಸಿ ಬಾಲ್ ಮಿಲ್‌ನಲ್ಲಿ, ಅಂದರೆ ಒಳಗೆ ಗುಂಡು ತುಂಬಿ ತಿರುಗಿಸುವ ಪೀಪಾಯಿಯಲ್ಲಿ, ಅರೆಯುತ್ತೇವೆ. ಮಿಲ್‌ನ ಒಳವ್ಯಾಸ 1.2 ಮೀಟರ್, ನಿಮಿಷಕ್ಕೆ 33 ಸುತ್ತು. ಕಡಿಮೆ ಬೆಲೆಗೆ ಸಿಕ್ಕಿದವೆಂದು ತಂದ 50 ಮಿಲಿಮೀಟರಿನ ಅಲ್ಯುಮಿನಾ (ಒಂದು ಬಗೆಯ ಸೆರಾಮಿಕ್) ಗುಂಡುಗಳು ಮೂರೇ ತಿಂಗಳಲ್ಲಿ ಒಡೆಯುತ್ತಿವೆ. ಪ್ರತಿ ಸಲ ಜರಡಿಯ ಮೇಲೆ ಒಂದು ಬೊಗಸೆ ಚೂರು. ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್‌ನ ಗುಂಡುಗಳಿಗೆ ಬದಲಾಯಿಸಬೇಕೆ? ಅನುಭವವಿರುವವರು ದಯವಿಟ್ಟು ತಿಳಿಸಿ.

ಭದ್ರಾವತಿಯಿಂದ:

ನಮ್ಮದು ಫೌಂಡ್ರಿ. ಅಚ್ಚಿಗೆ ಬಳಿಯುವ ಕಪ್ಪು ಲೇಪನವನ್ನು ಉಕ್ಕಿನ ಗುಂಡುಗಳಲ್ಲೇ ಅರೆಯುತ್ತೇವೆ, ಒಡೆಯುವ ಮಾತೇ ಇಲ್ಲ. ಆದರೆ ನಿಮ್ಮದು ಬಿಳಿ ಗ್ಲೇಜ್. ಸವೆದ ಕಬ್ಬಿಣ ಸೇರಿದರೆ ಭಟ್ಟಿಯಿಂದ ಹೊರಬಂದ ಮೇಲೆ ಕಂದು ಚುಕ್ಕೆಗಳಾಗಿ ಕಾಣುತ್ತದೆ. ಆ ದಾರಿ ನಿಮಗಲ್ಲ.

ಸಾಗರ ರಸ್ತೆಯಿಂದ:

ಹನ್ನೊಂದು ವರ್ಷ ಇದೇ ಕೆಲಸದಲ್ಲಿದ್ದೇನೆ. ಗುಂಡು ಬದಲಾಯಿಸುವ ಮೊದಲು ವೇಗ ನೋಡಿ. 42.3 ಅನ್ನು ಮೀಟರಿನಲ್ಲಿರುವ ವ್ಯಾಸದ ವರ್ಗಮೂಲದಿಂದ ಭಾಗಿಸಿದರೆ ಗುಂಡುಗಳು ಗೋಡೆಗೆ ಅಂಟಿಕೊಂಡು ಸುತ್ತುವ ವೇಗ ಸಿಗುತ್ತದೆ. ನಿಮ್ಮ ಮಿಲ್‌ಗೆ ಅದು ನಿಮಿಷಕ್ಕೆ ಸುಮಾರು 38.6 ಸುತ್ತು. ನೀವು 33ರಲ್ಲಿ ಓಡಿಸುತ್ತಿದ್ದೀರಿ, ಅಂದರೆ ಶೇಕಡಾ 85ಕ್ಕೂ ಹೆಚ್ಚು. ಆ ವೇಗದಲ್ಲಿ ಗುಂಡುಗಳು ಮೇಲಿನಿಂದ ಎಗರಿ ಒಂದರ ಮೇಲೊಂದು ಬೀಳುತ್ತವೆ. ನಾನಾಗಿದ್ದರೆ 25, 26ಕ್ಕೆ ಇಳಿಸುತ್ತಿದ್ದೆ. ಗುಂಡುಗಳು ಉರುಳಿ ಇಳಿಯಬೇಕು, ಹಾರಿ ಬೀಳಬಾರದು.

ಎರಡನೆಯದು ಸ್ಲರಿ, ಅಂದರೆ ನೀರು ಬೆರೆತ ಪುಡಿ. ನಿಲ್ಲಿಸಿ ಮುಚ್ಚಳ ತೆಗೆದಾಗ ಸ್ಲರಿ ಗುಂಡುಗಳನ್ನು ಮುಚ್ಚಿ ಸ್ವಲ್ಪವೇ ಮೇಲಿರಬೇಕು. ಗುಂಡುಗಳು ಬರಿದಾಗಿ ಕಂಡರೆ ಅವು ಪರಸ್ಪರ ಬಡಿದುಕೊಳ್ಳುತ್ತಿವೆ ಎಂದೇ ಅರ್ಥ. ಕಾಳು ಹಾಕದೆ ರಾಗಿಕಲ್ಲು ತಿರುಗಿಸಿದರೆ ಕಲ್ಲೇ ಸವೆಯುತ್ತದೆಯಲ್ಲ, ಹಾಗೆ. ತೊಳೆಯುವಾಗಲೂ ಬರೀ ನೀರು ಹಾಕಿ ಬಹಳ ಹೊತ್ತು ಓಡಿಸಬೇಡಿ. ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗಿ ಗಂಟೆಗಟ್ಟಲೆ ನಿಂತ ಮಿಲ್‌ನಲ್ಲಿ ಪುಡಿ ತಳಕ್ಕೆ ಕೂತು ಗಟ್ಟಿಯಾಗುತ್ತದೆ. ಮತ್ತೆ ಶುರುಮಾಡುವಾಗ ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ತಿರುಗಿಸಿ ಬಿಡಿಸಿಕೊಳ್ಳಿ.

ಇನ್ನು ಗುಂಡು. ಗಡಸುತನ ಬೇರೆ, ಒಡೆಯದಿರುವ ಗುಣ ಬೇರೆ. ಅಲ್ಯುಮಿನಾ ಜಿರ್ಕೋನಿಯಾಕ್ಕಿಂತ ಗಡಸು, ಆದರೂ ಬೇಗ ಸಿಡಿಯುತ್ತದೆ. ಯಿಟ್ರಿಯಾ ಎಂಬ ಆಕ್ಸೈಡ್ ಬೆರೆತ ಜಿರ್ಕೋನಿಯಾದಲ್ಲಿ ಬಿರುಕು ಮುಂದುವರಿಯುವ ಜಾಗದ ಹರಳುಗಳು ರೂಪ ಬದಲಿಸಿ ಹಿಗ್ಗುತ್ತವೆ, ಬಿರುಕಿನ ಬಾಯನ್ನು ಅಮುಕಿ ಹಿಡಿಯುತ್ತವೆ. ಈ ಗುಣವೇ ಅದರ ಬಲ. ಆದರೆ ಬೆಲೆ ಹಲವು ಪಟ್ಟು, ಸಾಂದ್ರತೆ ಘನ ಸೆಂಟಿಮೀಟರಿಗೆ 6 ಗ್ರಾಂನಷ್ಟು. ಅಲ್ಯುಮಿನಾದ್ದು 3.6. ಅಷ್ಟೇ ಜಾಗ ತುಂಬಿದರೆ ಮೋಟಾರಿನ ಮೇಲೆ ಭಾರ ಬೀಳುತ್ತದೆ, ಮಿಲ್‌ನ ಒಳಗೋಡೆಯ ಅಲ್ಯುಮಿನಾ ಹೊದಿಕೆ (ಲೈನರ್) ಬೇಗ ಸವೆಯುತ್ತದೆ. ನಿಮ್ಮ ಕೆಲಸಕ್ಕೆ ಚೆನ್ನಾಗಿ ಬೆಂದ ಶೇಕಡಾ 92ರ ಅಲ್ಯುಮಿನಾ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂದಿದೆಯೇ ಎಂದು ತಿಳಿಯುವುದು ಹೇಗೆ? ಹತ್ತು ಗುಂಡು ಆರಿಸಿ ಗಾಳಿಯಲ್ಲೊಮ್ಮೆ, ನೀರಿನಲ್ಲಿ ತೂಗುಹಾಕಿ ಒಮ್ಮೆ ತೂಗಿ ಸಾಂದ್ರತೆ ಲೆಕ್ಕ ಹಾಕಿ. 3.6ಕ್ಕಿಂತ ಸ್ಪಷ್ಟವಾಗಿ ಕಡಿಮೆ ಬಂದರೆ ಒಳಗೆ ಗಾಳಿಗುಳ್ಳೆಗಳಿವೆ. ಇನ್ನೂ ಕೆಲವನ್ನು ನೀಲಿ ಶಾಯಿಯ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಒರೆಸಿ. ಬಿರುಕಿದ್ದರೆ ಗೆರೆ ಉಳಿಯುತ್ತದೆ. ಎರಡನ್ನು ಸುತ್ತಿಗೆಯಿಂದ ಒಡೆದು ನೋಡಿ: ನಡುವೆ ಬಣ್ಣ ಬೇರೆಯಾಗಿದ್ದರೆ, ತೂತಿದ್ದರೆ ಆ ಸರಕು ಬೇಡ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಎಲ್ಲವನ್ನೂ 50 ಮಿಲಿಮೀಟರ್ ತರಬೇಡಿ. 25ರ ಗುಂಡಿಗಿಂತ 50ರದ್ದು ಎಂಟು ಪಟ್ಟು ತೂಕ, ಪೆಟ್ಟೂ ಅಷ್ಟೇ ದೊಡ್ಡದು. ನಿಮಗೆ ಬರುವುದು ಮೊದಲೇ ಪುಡಿಯಾದ ಸರಕು. 25, 30, 40 ಬೆರೆಸಿ.

ತೀರ್ಥಹಳ್ಳಿಯಿಂದ:

ತುಂಗೆಯ ದಂಡೆಯ ದುಂಡುಕಲ್ಲು ಹಾಕಿ ನೋಡಿದವನು ನಾನು. ನುಣುಪಾಗಿ ಕಂಡ ಕಲ್ಲುಗಳೂ ಪದರಪದರವಾಗಿ ಬಿಚ್ಚಿಕೊಂಡವು. ಬೇಡ.

ಶಿವಮೊಗ್ಗ ನಗರದಿಂದ:

ಬಣ್ಣ ತಯಾರಿಕೆಯಲ್ಲಿ ಬೀಡ್ ಮಿಲ್ ನಡೆಸುತ್ತೇವೆ. ನಮ್ಮಲ್ಲಿ ಮಣಿಗಳು ಸಾಸಿವೆಕಾಳಿನಷ್ಟೇ. ಜಿರ್ಕೋನಿಯಂ ಸಿಲಿಕೇಟ್ ಮಣಿಗಳು ಒಡೆದು ಸೀಲ್ ಹಾಳಾದ ಮೇಲೆ ಯಿಟ್ರಿಯಾ ಜಿರ್ಕೋನಿಯಾಕ್ಕೆ ಬಂದೆವು, ನೆಮ್ಮದಿಯಾಗಿದ್ದೇವೆ. ಅದು ವೇಗದ ಯಂತ್ರ, ಅಲ್ಲಿ ಆ ಖರ್ಚು ದಕ್ಕುತ್ತದೆ. ಒಂದು ಎಚ್ಚರಿಕೆ: ಬಿಸಿನೀರು, ಹಬೆ ಸದಾ ತಾಗಿದರೆ ಈ ಜಿರ್ಕೋನಿಯಾ ಕ್ರಮೇಣ ಬಲ ಕಳೆದುಕೊಳ್ಳುತ್ತದೆ. ಮತ್ತೊಂದು, ಒಡೆದ ಚೂರನ್ನು ಒಳಗೆ ಬಿಡಬೇಡಿ. ಅದರ ಚೂಪು ಅಂಚು ಒಳ್ಳೆಯ ಗುಂಡನ್ನೂ ಕೆಡಿಸುತ್ತದೆ.

ಪ್ರಶ್ನೆ ಕೇಳಿದವರಿಂದ, ಆರು ವಾರದ ನಂತರ:

ಎಲ್ಲರಿಗೂ ಮನಸಾರೆ ಧನ್ಯವಾದ. ಹಳೆಯ ಗುಂಡುಗಳನ್ನು ತೂಗಿದೆವು, ಸಾಂದ್ರತೆ 3.4ಕ್ಕೂ ಕಡಿಮೆ. ಒಡೆದಾಗ ನಡುವೆ ಬೂದು ಬಣ್ಣದ ತಿರುಳು. ಪುಲಿ ಬದಲಿಸಿ ವೇಗವನ್ನು 26ಕ್ಕೆ ಇಳಿಸಿದೆವು. ಇದೊಂದರಿಂದಲೇ ಬೊಗಸೆಯಷ್ಟಿದ್ದ ಚೂರು ಹಿಡಿಯಷ್ಟಾಯಿತು. ಅರೆಯಲು ಒಂದೂವರೆ ಗಂಟೆ ಹೆಚ್ಚು ಬೇಕಾಗುತ್ತಿದೆ, ಅದು ಒಪ್ಪಿಗೆ. ಪರೀಕ್ಷೆ ಮಾಡಿಸಿಕೊಂಡ ಹೊಸ ಅಲ್ಯುಮಿನಾ ಗುಂಡುಗಳು ಮುಂದಿನ ಸೋಮವಾರ ಬರುತ್ತವೆ. ಹಳೆಯದರೊಂದಿಗೆ ಬೆರೆಸದೆ ಮಿಲ್ ಪೂರ್ತಿ ಖಾಲಿ ಮಾಡಿ ತುಂಬುತ್ತೇನೆ. ಪ್ರತಿ ತಿಂಗಳು ತೂಗಿ ಸವೆತದ ಲೆಕ್ಕವನ್ನು ಇಲ್ಲಿಯೇ ಬರೆಯುತ್ತೇನೆ.